ತಾನಾಗಿ ಬಂದ ಜೊಂಡು

ಫೆಬ್ರವರಿ 4, ಬೆಳಗ್ಗೆ 9.20

ಮತ್ತೆ ಎಣಿಕೆ. ಮೊಣಕಾಲುದ್ದ ಕೆಸರಲ್ಲಿ ನಿಂತು, ಪೈಪಿನ ಚೌಕ ಇಟ್ಟು, ಅದರೊಳಗಿನ ಗಿಡ ಲೆಕ್ಕ ಹಾಕುವುದು. ನಾಲ್ಕನೇ ಚೌಕದಲ್ಲಿ ಜೊಂಡು ಹನ್ನೊಂದು! ಹೋದ ತಿಂಗಳು ಎರಡೇ ಇತ್ತು. ನಾವು ಒಂದೂ ನೆಟ್ಟಿಲ್ಲ. ನೆಡಬಾರದು ಅನ್ನುವುದೇ ನಮ್ಮ ಪಣ. ಯಾರೋ ಎಂದೋ ಮಣ್ಣು ಸುರಿದು ಮುಚ್ಚಿದ ಕೊಳ. ಮಣ್ಣು ತೆಗೆಯಿರಿ, ನೀರು ಬಿಡಿ, ಒಂದು ವರ್ಷ ಸುಮ್ಮನಿರಿ, ಅಡಿಯ ಕೆಸರಲ್ಲಿ ಮಲಗಿರುವ ಬೀಜ ತಾನಾಗಿ ಏಳುತ್ತದೆ ಅಂತ ಡಿಸೈನ್‌ನಲ್ಲಿ ಬರೆದವಳು ನಾನು. ಎದ್ದರೆ ಪಕ್ಕದಲ್ಲಿ ಮುಚ್ಚಿಹೋಗಿರುವ ಹತ್ತೊಂಬತ್ತು ಎಕರೆಯಲ್ಲೂ ಹೀಗೇ ಮಾಡುತ್ತಾರೆ. ಏಳದಿದ್ದರೆ ಅದು ಪಾರ್ಕಿಂಗ್. ನೆಡುವ ಪ್ಲಾನ್ ಬೇಡವೇ ಬೇಡ ಅಂತ ಈ ಜಾಗದ ತೀರ್ಮಾನ ಮಾಡುವ ಕಮಿಟಿಯ ಮೇಡಂ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಾರೆ. ಮಾರ್ಚ್ 4ಕ್ಕೆ ನೋಡಲು ಬರುತ್ತಾರೆ.

ಮನೆಗೆ ಬಂದಾಗ ಅಪ್ಪ ಕೇಳಿದ, “ಜೊಂಡು ಬಂತೇನೇ?” ಬಂತು ಅಂದೆ. “ಹೂಂ” ಅಂದು ಪೇಪರ್ ತಿರುವಿ ಹಾಕಿದ. ನನ್ನ ಕೆಲಸದ ಬಗ್ಗೆ ಎಂದೂ ಕೇಳದವನು... ಖುಷಿಯಾಯಿತು.

ಫೆಬ್ರವರಿ 7

ನಮ್ಮ ಪದ್ಧತಿ — ಮೊದಲ ವರ್ಷ ದಾರಿ ಮಾಡುವುದಿಲ್ಲ. ಎಲ್ಲಿ ನೆಲ ಸವೆಯುತ್ತದೋ ಅಲ್ಲೇ ಆಮೇಲೆ ದಾರಿ. ಜನರನ್ನು ನೀರಿನ ಹತ್ತಿರ ಕರೆಯಬೇಕು, ಆದರೆ ಎಳೆದು ತರಬಾರದು. ಇಷ್ಟು ದಿನವಾದರೂ ಒಬ್ಬರೂ ಬಂದ ಗುರುತಿಲ್ಲ. ನನಗೆ ಒಳಗೊಳಗೇ ಬೇಜಾರು.

ಇವತ್ತು ಹಿಂದಿನ ಮುರಿದ ಗೋಡೆಯಿಂದ ಪೊದೆಯೊಳಗೆ ಒಂದು ಸಣ್ಣ ಜಾಡು ಸಿಕ್ಕಿತು. ತಲೆ ಎತ್ತಿ ನಡೆಯುವ ಹಾಗಿಲ್ಲ, ಅಷ್ಟು ತಗ್ಗು. ನೀರಿನ ಅಂಚಲ್ಲಿ ಕೆಸರು ನುಣ್ಣಗೆ ಜಾರಿದೆ. ನಮ್ಮ ಕಪ್ಪೆ ಮೇಷ್ಟ್ರು (ಕಪ್ಪೆಯ ಕೂಗು ರೆಕಾರ್ಡ್ ಮಾಡುವುದು ಅವರ ಕೆಲಸ, ಅವರ ದನಿಯೂ ಹಾಗೇ) ಕುಣಿದಾಡಿಬಿಟ್ಟರು. “ಮೇಡಂ, ನೀರುನಾಯಿ! ಹೊಟ್ಟೆ ಮೇಲೆ ಜಾರಿದೆ ನೋಡಿ!” ಪಾದದ ಎತ್ತರಕ್ಕೆ ಕ್ಯಾಮೆರಾ ಕಟ್ಟಿದರು. ಜನ, ಬೀದಿನಾಯಿ ನುಗ್ಗದಿರಲಿ ಅಂತ ಗೋಡೆಯ ಸಂದಿಗೆ ಮುಳ್ಳು ತುಂಬಿಸಿದೆ. ನಿಂತು ನಾನೇ ತುಂಬಿಸಿದೆ.

ಫೆಬ್ರವರಿ 9, ಸಂಜೆ

ವರದಿ ಕಳಿಸಿದೆ. ‘ಕೊಳ ಮುಚ್ಚಿದವರು: ಮಾಹಿತಿ ಇಲ್ಲ. ಜೊಂಡು ನೆಟ್ಟವರು: ಯಾರೂ ಇಲ್ಲ, ತಾನಾಗಿ ಬಂದದ್ದು. ನೀರುನಾಯಿ: ಇರಬಹುದು.’ ಕಳಿಸಿದ ಮೇಲೂ ಮೂರು ಸಲ ಓದಿದೆ.

ಫೆಬ್ರವರಿ 10

ಅಪ್ಪನ ಎರಡೂ ಕೈ ತುಂಬ ಗೀರು. ಏನಪ್ಪಾ ಅಂದರೆ “ಬೆಕ್ಕು ಪರಚ್ತು” ಅಂದ. ನಮ್ಮದು ಮೂರನೇ ಮಹಡಿ. ಬೆಕ್ಕೆಲ್ಲಿ? ಮುಲಾಮು ಹಚ್ಚಿದೆ. ಸುಮ್ಮನೆ ಕೈ ಕೊಟ್ಟ.

ಫೆಬ್ರವರಿ 27

ಎಣಿಕೆ. ಹೊಸದು ಸೊನ್ನೆ. ಎಲ್ಲ ಚೌಕದಲ್ಲೂ ಸೊನ್ನೆ. ನೀರು ಅಷ್ಟೇ ಇದೆ, ಬಿಸಿಲು ಅಷ್ಟೇ ಇದೆ. ಎದ್ದ ಬೀಜ ಮತ್ತೆ ಮಲಗಿತೇ? ತಲೆ ಬುಡ ಗೊತ್ತಾಗುತ್ತಿಲ್ಲ.

ಅಪ್ಪ ಎರಡು ವಾರದಿಂದ ಬೆಳಗಿನ ವಾಕಿಂಗ್‌ಗೆ ಹೋಗುತ್ತಿಲ್ಲ. ಮೊಣಕಾಲು ನೋವಂತೆ.

ಮಾರ್ಚ್ 1, ಮಧ್ಯಾಹ್ನ

ಕ್ಯಾಮೆರಾದ ಕಾರ್ಡ್ ತೆರೆದೆವು. ಹದಿನಾಲ್ಕು ಫೋಟೋ ಬರೀ ಹುಲ್ಲು. ಹದಿನೈದನೆಯದು ಕಾಲು. ಮನುಷ್ಯನ ಕಾಲು. ಪಕ್ಕದಲ್ಲಿ ಕೆಸರಲ್ಲಿ ಎಳೆದ ಬಕೆಟ್. ತಾರೀಖು ಫೆಬ್ರವರಿ 10, ಬೆಳಗ್ಗೆ 6.05. ಎಡಗಾಲಿನ ಚಪ್ಪಲಿಯ ಪಟ್ಟಿಗೆ ತಂತಿ ಸುತ್ತಿದೆ.

ಆ ತಂತಿ ಸುತ್ತಿಕೊಟ್ಟವಳು ನಾನು.

ಮೇಷ್ಟ್ರು “ಛೇ, ಯಾರೋ ಕಳ್ಳ” ಅಂದರು. ನಾನು ಹೂಂ ಅಂದೆ. ಯಾಕೆ ಹೂಂ ಅಂದೆ?

ಮಾರ್ಚ್ 2

ಊಟದ ಮೇಜಿನ ಮೇಲೆ ಫೋಟೋ ಇಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದ.

“ನೀರುನಾಯಿ ಅಂದುಕೊಂಡಿದ್ವಿ ಅಪ್ಪ.”

“ಹೆತ್ತಪ್ಪನ್ನ ನಾಯಿ ಮಾಡಿದ್ಯಲ್ಲೇ.”

ನಗು ಬಂತು. ಮರುಕ್ಷಣವೇ ಸಿಟ್ಟು ಉಕ್ಕಿತು. ನನ್ನ ಒಂದು ವರ್ಷದ ಕೆಲಸ ನೀರಲ್ಲಿ ಹೋಮ ಮಾಡಿದೆ ಅಂತ ಕೂಗಾಡಿದೆ. ಅವನು ಲೋಟದ ಅಂಚನ್ನು ಒರೆಸುತ್ತ ಕೂತ. ಆಮೇಲೆ ಒಂದೊಂದೇ ಮಾತು.

“ಮುಚ್ಚಿದ್ದು ನಾನೇ ಕಣೇ.”

ಅಪ್ಪ ಬುಲ್ಡೋಜರ್ ಓಡಿಸುತ್ತಿದ್ದ, ಅದರಿಂದಲೇ ನನ್ನ ಓದು, ಇಷ್ಟು ಗೊತ್ತಿತ್ತು. ಓಡಿಸಿದ್ದು *ಈ* ಕೊಳದ ಮೇಲೆ ಅಂತ ಗೊತ್ತಿರಲಿಲ್ಲ. ಹನ್ನೆರಡು ದಿನದ ಕೆಲಸವಂತೆ. ಮೊದಲು ಜೊಂಡಿನ ಸಮೇತ ಮೇಲಿನ ಕೆಸರನ್ನು ಲಾರಿಗೆ ತುಂಬಿ ಬಸ್ ಡಿಪೋ ಹಿಂದಿನ ಮೋರಿ ಪಕ್ಕ ಸುರಿದರಂತೆ. ಅದು ಅಲ್ಲೇ ಬೇರು ಬಿಟ್ಟು ಇವತ್ತಿಗೂ ಇದೆ.

“ಅದನ್ನೇ ವಾಪಸ್ ತಂದೆ. ಇದರದ್ದು ಇದಕ್ಕೆ. ನೀನು ಅಷ್ಟೆಲ್ಲ ಅಗೀತಿದ್ದೆ, ಇದನ್ನ ಮುಚ್ಚಿದ್ದೇ ನಾನು ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

“ಎಷ್ಟು ನೆಟ್ಟೆ?”

“ಯಾರು ಎಣಿಸಿದ್ರು? ನೀರಿನ ನಡುವಿನ ಬಂಡೆ ಆಚೆಗೆ ಮಾತ್ರ ಹೋಗಿಲ್ಲ. ಅಲ್ಲಿ ಹೂತುಹೋಗ್ತೀನಿ ಅಂತ ಭಯ.”

ಬಂಡೆಯ ಆಚೆ ಎರಡು ಬುಡ ಜೊಂಡಿದೆ. ನಾನೇ ನೋಡಿದ್ದೇನೆ. ಅದು ಮಲಗಿದ್ದ ಬೀಜವೋ, ಅಪ್ಪ ನೆಟ್ಟದ್ದರ ಬೇರು ತೇಲಿ ಹೋಗಿ ಹಿಡಿದದ್ದೋ? ಹೇಗೆ ಹೇಳುವುದು?

ಮಾರ್ಚ್ 3, ಮಧ್ಯಾಹ್ನ 3

ಹೇಳಿದರೆ ಹತ್ತೊಂಬತ್ತು ಎಕರೆ ಡಾಂಬರು. ಹೇಳದಿದ್ದರೆ ಅಲ್ಲಿಯೂ ಸುಮ್ಮನಿರಿ ಅನ್ನುತ್ತಾರೆ. ಅಲ್ಲಿ ಏನೂ ಏಳದಿದ್ದರೆ? ಅಲ್ಲಿಗೆ ಬಕೆಟ್ ಹೊತ್ತು ಬರುವ ಅಪ್ಪ ಯಾರಿದ್ದಾರೆ? ಮೇಷ್ಟ್ರಿಗೆ ಹೇಳಿದೆ. “ಎರಡು ಬುಡ ಇದ್ಯಲ್ಲ, ಅದನ್ನೇ ತೋರ್ಸಿ. ಮಿಕ್ಕಿದ್ದು ಯಾಕೆ ಬಾಯಿ ಬಿಡ್ತೀರಿ?” ಅಂದರು. ಅದೂ ಸುಳ್ಳಲ್ಲ. ಅದೇ ಕಷ್ಟ.

ಇನ್ನೊಂದು ವಿಷಯ ಬೆಳಗಿನಿಂದ ಕೊರೆಯುತ್ತಿದೆ. ಯಾರೂ ಬರುವುದಿಲ್ಲ ಅಂತ ಬೇಜಾರಾಗಿದ್ದೆನಲ್ಲ — ಒಬ್ಬ ಬರುತ್ತಿದ್ದ. ದಿನಾ.

ಮಾರ್ಚ್ 4, ಬೆಳಗ್ಗೆ 6.10

ಮೇಡಂ ಎಂಟಕ್ಕೆ ಬರುತ್ತಾರೆ. ಅಪ್ಪ ಆಗಲೇ ಇಸ್ತ್ರಿ ಶರ್ಟು ಹಾಕಿ, ಬಕೆಟ್ ತೊಳೆದು, ಬಾಗಿಲಲ್ಲಿ ನಿಂತಿದ್ದಾನೆ. “ನಾನೂ ಬರ್ತೀನಿ. ಕೇಳಿದ್ರೆ ನಾನೇ ಹೇಳ್ತೀನಿ.” ಕೇಳದಿದ್ದರೆ ಅಂದೆ. “ಕೇಳ್ದೇ ಇದ್ರೆ ನೀನು ಹೇಳು.” ಮುಳ್ಳು ತೆಗೆಯಲು ಕತ್ತರಿ ಚೀಲಕ್ಕೆ ಹಾಕಿಕೊಂಡೆ.

ವರದಿಯ ಪ್ರತಿ ತೊಡೆಯ ಮೇಲಿದೆ. ಪೆನ್ನಲ್ಲೇ ತಿದ್ದುತ್ತಿದ್ದೇನೆ. ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ‘ನೀರುನಾಯಿ’ ಸಾಲನ್ನು ಹೊಡೆದುಹಾಕಿದೆ. ಕೊಳ ಮುಚ್ಚಿದವರು: ನನ್ನ ಅಪ್ಪ. ಜೊಂಡು ನೆಟ್ಟವರು: ನನ್ನ ಅಪ್ಪ. ಬಂಡೆಯ ಆಚೆ: ಗೊತ್ತಿಲ್ಲ. ಕೆಳಗೆ ಇನ್ನೊಂದು ಸಾಲು ಬೇಕು. ಫಾರಂನಲ್ಲಿ ಇಲ್ಲ, ಗೆರೆ ನಾನೇ ಎಳೆದೆ.

ಅಪ್ಪ ಬರುತ್ತಿದ್ದ ದಾರಿ ಮುಚ್ಚಿದವರು: