ಕ್ರೇನ್ ಕಲಿಯುವ ಸೊಸೆಗೆ

ಮೂರನೆಯ ಮಹಡಿಯ ಮನೆ,
ಮೇ ೧೪, ಮಂಗಳವಾರ, ಮಧ್ಯಾಹ್ನ ಎರಡೂವರೆ

ನನ್ನ ಮುದ್ದಿನ ಸೊಸೆಗೆ,

ಅತ್ತೆಯ ಆಶೀರ್ವಾದಗಳು. ಅವುಗಳಲ್ಲಿ ಮೊದಲನೆಯದು: ಇದ್ದಲ್ಲೇ ಇರು.

ನಿನ್ನ ಆರೋಗ್ಯ ಹೇಗಿದೆ? ಅಂಗೈಯ ಗುಳ್ಳೆಗಳು ಒಣಗಿದವೇ, ಇಲ್ಲ ಮೇಲೆ ಮೇಲೆ ಒಡೆಯುತ್ತಲೇ ಇವೆಯೇ? ಅಷ್ಟೆತ್ತರದ ಏಣಿ ಹತ್ತಿ ಆ ಗಾಜಿನ ಗೂಡಿನಲ್ಲಿ ಕೂತಾಗ ಮೊದಲ ವಾರದ ಹಾಗೆ ಈಗಲೂ ತಲೆ ಸುತ್ತುತ್ತದೆಯೇ? ಬಂದರಿನ ಕ್ರೇನು ನನಗೆ ತಿಳಿಯದ ವಿದ್ಯೆ. ಆದರೆ ಮೂವತ್ತೊಂದು ವರ್ಷ ಯೂನಿಫಾರಂ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದವಳಾಗಿ ಒಂದು ಮಾತು ಹೇಳುತ್ತೇನೆ. ಹತ್ತು ಪದರ ಬಟ್ಟೆಗೆ ಒಮ್ಮೆಲೇ ಕತ್ತರಿ ಹಾಕುವಾಗ ಕಣ್ಣು ಕತ್ತರಿಯ ತುದಿಯಲ್ಲಿರಬಾರದು, ಗೆರೆ ಹೋಗಿ ಮುಟ್ಟುವ ಜಾಗದಲ್ಲಿರಬೇಕು. ಆಗ ಕೈ ನಡುಗುವುದಿಲ್ಲ. ನಿನ್ನ ಮೇಷ್ಟ್ರು ಒಪ್ಪುತ್ತಾರೋ ಇಲ್ಲವೋ ಕೇಳಿ ನೋಡು.

ನಾವೆಲ್ಲ ಕ್ಷೇಮ. ಶಾಸ್ತ್ರಕ್ಕೆ ಬರೆದ ಕ್ಷೇಮವಲ್ಲ ಇದು, ಎದ್ದು ಹೋಗಿ ನೋಡಿ ಬಂದು ಬರೆದದ್ದು. ಇಬ್ಬರೂ ನನ್ನ ಹಳೆಯ ಕಟಿಂಗ್ ಮೇಜಿನ ಕೆಳಗೆ ಒದ್ದೆ ಬೆಡ್‌ಶೀಟಿನ ಗುಡಾರದೊಳಗೆ ಮಲಗಿದ್ದಾರೆ. ಮಗಳು ನೆಟ್ಟಗೆ, ಮಗ ಅಡ್ಡಡ್ಡ. ಬಾಗಿಲ ಮೇಲಿನ ಅಗುಳಿ ಹಾಕಿದೆ. ಅದನ್ನು ಯಾಕೆ ಬರೆದೆ ಎಂದು ನಿನಗೆ ಗೊತ್ತು.

ನಿನ್ನ ಕಾಗದ ನಿನ್ನೆ ಬಂತು. ‘ಅತ್ತೆ, ನಾನು ಬಂದುಬಿಡ್ತೀನಿ, ಮಕ್ಕಳಿಗಿಂತ ದೊಡ್ಡದಾ ಇದು’ ಎಂದು ಬರೆದಿದ್ದೀಯ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು. ನಿನ್ನ ಗಂಡ, ಅಂದರೆ ನನ್ನ ಹೊಟ್ಟೆಯಲ್ಲೇ ಹುಟ್ಟಿದವನು, ಫೋನಿನಲ್ಲಿ ಏನು ಹೇಳಿದನೋ ಅದನ್ನು ನಾನೂ ಕೇಳಿಸಿಕೊಂಡಿದ್ದೇನೆ. ನಾನೂ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಅವನು ಪಕ್ಕದಲ್ಲೇ ನಿಂತಿರುತ್ತಾನೆ, ಆ ಕಡೆ ನೀನು ಅಳಲು ಶುರು ಮಾಡುತ್ತೀಯ. ಕಾಗದಕ್ಕೆ ಅಳು ಬರುವುದಿಲ್ಲ, ಅದನ್ನು ಯಾರೂ ನಡುವೆ ಬಾಯಿ ಹಾಕಿ ನಿಲ್ಲಿಸುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಪೂರ್ತಿ ಓದಿ ಆಮೇಲೆ ಪೆಟ್ಟಿಗೆ ಕಟ್ಟು.

ನೀನು ಹೋದ ಮರುದಿನವೇ ಅವನೊಂದು ವೇಳಾಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಬಸ್ ಡಿಪೋದ ಟೈಂಕೀಪರ್ ತಾನೆ, ಮಕ್ಕಳೂ ನಿಮಿಷಕ್ಕೆ ಸರಿಯಾಗಿ ಹೊರಡುವ ಬಸ್ಸುಗಳೆಂದು ತಿಳಿದಿದ್ದಾನೆ. ಒಂಬತ್ತಕ್ಕೆ ಕಾಪಿ ಬರೆಯುವುದು, ಹತ್ತಕ್ಕೆ ಬಣ್ಣ ಹಚ್ಚುವುದು, ಹನ್ನೊಂದಕ್ಕೆ ‘ಬುದ್ಧಿ ಬೆಳೆಸುವ ಆಟ’, ಒಂದರಿಂದ ಮೂರು ನಿದ್ದೆ. ಎರಡು ಗಂಟೆ ನಿದ್ದೆ, ಅದೂ ಆ ಮೂರೂವರೆ ವರ್ಷದ ಬುಗುರಿಗೆ! ಅವನನ್ನು ಸುಮ್ಮನೆ ಬುಗುರಿ ಎಂದು ಕರೆಯುತ್ತೇವೆಯೇ? ನಿನ್ನ ಮಗಳು, ನಮ್ಮ ವಕೀಲಮ್ಮ, ಆ ಪಟ್ಟಿಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ, ಸೊಂಟದ ಮೇಲೆ ಕೈ ಇಟ್ಟು, ‘ಅಜ್ಜಿ, ಇದನ್ನ ಬರೆದೋರು ಮನೇಲಿ ಇರ್ತಾರಾ?’ ಎಂದು ಕೇಳಿದಳು. ಆರು ವರ್ಷದ ಬಾಯಿ ಅದು.

ಪಟ್ಟಿ ಎರಡು ದಿನ ನಡೆಯಿತು. ನಮ್ಮ ಮನೆಯ ಮೇಲೆ ತಾರಸಿ ಬಿಟ್ಟರೆ ಬರೀ ಬಿಸಿಲು. ಹನ್ನೊಂದಾಗುವಷ್ಟರಲ್ಲಿ ಗೋಡೆ ಇಸ್ತ್ರಿಪೆಟ್ಟಿಗೆಯಾಗಿರುತ್ತದೆ. ಮೂರನೆಯ ದಿನ ಸೋತು ಟಿವಿ ಹಾಕಿದೆ. ನಾಲ್ಕು ಗಂಟೆ ಹೊತ್ತು ಇಬ್ಬರೂ ಬಾಯಿ ತೆರೆದು ಕೂತರು. ಆರಿಸಿದ ಕೂಡಲೇ ಕೋತಿಗೆ ಹೆಂಡ ಕುಡಿಸಿದ ಹಾಗೆ ಒಬ್ಬರ ಮೇಲೊಬ್ಬರು ಬಿದ್ದು ಕಚ್ಚಾಡಿದರು. ಅಂದೇ ರಿಮೋಟನ್ನು ಅಕ್ಕಿ ಡಬ್ಬಿಯ ತಳದಲ್ಲಿ ಹೂತೆ. ಈಗಲೂ ಅಲ್ಲೇ ಇದೆ. ನಿನ್ನ ಗಂಡ ಸೋಫಾದ ಸಂದಿಗೆ ಕೈ ಹಾಕಿ ಹುಡುಕುತ್ತಿರುತ್ತಾನೆ, ನೀನು ಹೇಳಬೇಡ.

ಆಮೇಲೆ ನನ್ನದೇ ದಾರಿ ಹಿಡಿದೆ. ಮಕ್ಕಳಿಗೆ ಆಟದ ಸಾಮಾನು ಬೇಕಿಲ್ಲ, ದೊಡ್ಡವರ ಸಾಮಾನು ಬೇಕು. ನನ್ನ ಗುಂಡಿಯ ಡಬ್ಬಿ ಸುರಿದೆ, ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಒಂದು ಕಡೆ. ಇಡೀ ಬೆಳಗಿನ ಹೊತ್ತು ಹೋಯಿತು. (ಬುಗುರಿ ಒಂದನ್ನು ಮೂಗಿಗೆ ಹಾಕಿಕೊಂಡ. ಸೀನಿಸಿ ತೆಗೆದೆ. ನಾಲ್ಕು ತೂತಿನದು.) ಹಳೆಯ ಪೇಪರಿನ ಮೇಲೆ ಒಬ್ಬರನ್ನೊಬ್ಬರು ಮಲಗಿಸಿ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆಯುವುದು ಕಲಿಸಿದೆ. ಆ ಅಳತೆಗೆ ನಿನ್ನ ಹಳೆಯ ನೀಲಿ ಪರದೆ ಕತ್ತರಿಸಿ ಇಬ್ಬರಿಗೂ ನಿಲುವಂಗಿ ಹೊಲಿದೆ. ಕೇಳದೆ ಕತ್ತರಿಸಿದ್ದಕ್ಕೆ ಕ್ಷಮಿಸು; ಆ ಪರದೆ ನನಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಮಧ್ಯಾಹ್ನ ಸೆಕೆ ತಾಳಲಾಗದಿದ್ದಾಗ ನಡುಮನೆಗೆ ನಾಲ್ಕು ಬಕೆಟ್ ನೀರು ಸುರಿದು, ಕೈಗೊಂದು ಚಿಂದಿ ಕೊಟ್ಟು, ಒರೆಸಿ ಎಂದೆ. ಒರೆಸಿದರು, ಜಾರಿದರು, ಬಿದ್ದು ನಕ್ಕರು. ಬಾಲ್ಕನಿಯ ನೀರು ಹೋಗುವ ತೂತು ಕಸ ಸೇರಿ ಕಟ್ಟಿಕೊಂಡಿದೆ ಎಂದು ನನಗೇನು ಗೊತ್ತು?

ಕೆಳಗಿನ ಮನೆಯ ರಿಟೈರ್ಡ್ ಟಿಕೆಟ್ ಕಲೆಕ್ಟರಿಗೆ ಗೊತ್ತಾಯಿತು. ನೀರು ಇಳಿದು ಅವರ ಆರಾಮಕುರ್ಚಿಗೆ, ಅದರಲ್ಲಿ ಮಲಗಿದ್ದ ಅವರ ಹೊಟ್ಟೆಗೆ ಬಿತ್ತು. ಒದ್ದೆ ಬನಿಯನ್ನಿನಲ್ಲೇ ಮೇಲೆ ಬಂದು, ‘ಏನ್ರೀ, ಮೇಲಿರೋದು ಮನೇನೋ ಕೆರೇನೋ?’ ಎಂದರು. ನಾನೂ ಸೆಕೆಗೆ ಕಾದಿದ್ದೆ. ‘ಕೆರೆ. ಈಜು ಬರತ್ತಾ ನಿಮಗೆ?’ ಎಂದೆ. ಜಗಳ ಕಾವೇರುವಷ್ಟರಲ್ಲಿ ವಕೀಲಮ್ಮ ನಡುವೆ ಬಂದು ನಿಂತಳು. ‘ನಿಮಗೆ ಸಿಟ್ಟು ಬಂದಿದ್ದು ನೀರು ಬಿದ್ದಿದ್ದಕ್ಕಾ, ನಿದ್ದೆ ಹೋಗಿದ್ದಕ್ಕಾ?’ ಮನುಷ್ಯ ಬನಿಯನ್ನಿನ ಅಂಚು ಹಿಂಡುತ್ತ, ‘ನಿದ್ದೆಗೆ’ ಎಂದು ಒಪ್ಪಿಕೊಂಡರು. ‘ನೀರು ತಂಪಾಗೇ ಇತ್ತು.’ ಅಂದಿನಿಂದ ಅವರು ಮಕ್ಕಳಿಗೆ ಟಿಕೆಟ್ ತಾತ. ಸಾಯಂಕಾಲ ನಾಲ್ಕಕ್ಕೆ ಮೆಟ್ಟಿಲಿಗೆ ನೆರಳು ಬರುತ್ತದೆ. ಆಗ ಮೆಟ್ಟಿಲೆಲ್ಲ ರೈಲು. ನಾನು ಹಳೆಯ ರಟ್ಟಿನಲ್ಲಿ ಟಿಕೆಟು ಕತ್ತರಿಸಿ ಕೊಡುತ್ತೇನೆ, ತಾತ ಕರಿ ಕೋಟು ಹಾಕಿಕೊಂಡು ತಮ್ಮ ಹಳೆಯ ಕಬ್ಬಿಣದ ಪಂಚಿನಿಂದ ಟಕ್ಕೆಂದು ತೂತು ಹೊಡೆಯುತ್ತಾರೆ. ಟಿಕೆಟ್ ಇಲ್ಲದವರಿಗೆ ದಂಡ, ಒಂದು ಹಾಡು. ಮೊನ್ನೆ ಹಾಲಿನವನೂ ಹಾಡಿ ಇಳಿದುಹೋದ.

ಇನ್ನು ಕಳೆದ ಬುಧವಾರದ ವಿಷಯ. ಊಟವಾದ ಮೇಲೆ ಇಬ್ಬರನ್ನೂ ಮೇಜಿನ ಕೆಳಗೆ ಮಲಗಿಸಿ ನಾನೂ ಗೋಡೆಗೆ ಒರಗಿದೆ. ಹದಿನೈದು ನಿಮಿಷ ಕಣ್ಣು ಹತ್ತಿತು. ಕಣ್ಣು ಬಿಟ್ಟಾಗ ವಕೀಲಮ್ಮ ಮಲಗಿದ್ದಳು, ಬುಗುರಿಯ ಜಾಗ ಖಾಲಿ, ಮುಂಬಾಗಿಲು ಗೇಣು ತೆರೆದಿತ್ತು. ಕೆಳಗಿನ ಚಿಲಕ ಮಾತ್ರ ಹಾಕಿದ್ದೆ. ಅದು ಅವನ ಕೈಗೆ ಎಟುಕುವಷ್ಟು ಅವನು ಬೆಳೆದಿದ್ದಾನೆ ಎಂಬುದನ್ನು ನಾನು ಗಮನಿಸಿರಲಿಲ್ಲ. ಬಚ್ಚಲು, ಮಂಚದಡಿ, ಬೀರುವಿನ ಒಳಗೆ ನೋಡಿದೆ. ಆಮೇಲೆ ತಾರಸಿಗೆ ಓಡಿದೆ. ನೀರಿನ ಟ್ಯಾಂಕಿನ ಮುಚ್ಚಳ ಮುಚ್ಚಿತ್ತು, ಆದರೂ ಎತ್ತಿ ಒಳಗೆ ನೋಡಿದೆ. ಕಟ್ಟೆಯಿಂದ ಬೀದಿಯತ್ತ ಬಗ್ಗಿ ನೋಡುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡೆ. ಆ ಗಳಿಗೆಯನ್ನು ನಿನಗೆ ಚಿಕ್ಕದು ಮಾಡಿ ಹೇಳುವುದಿಲ್ಲ. ಕೆಳಗಿಳಿದು ಬೀದಿಯ ಚಪ್ಪಲಿ ಹೊಲಿಯುವವನನ್ನು ಕೇಳುತ್ತಿದ್ದಾಗಲೇ ನಿನ್ನ ಗಂಡ ಡ್ಯೂಟಿ ಮುಗಿಸಿ ಬಂದ. ಅಲ್ಲೇ, ನಾಲ್ಕು ಜನರ ಮುಂದೆ, ‘ನೋಡಿಕೊಳ್ಳೋಕೆ ಆಗಲ್ಲ ಅಂದ್ರೆ ಆಗಲ್ಲ ಅನ್ನಬೇಕು ಅಮ್ಮ!’ ಎಂದು ಕೂಗಿದ.

ಹುಡುಕಿಕೊಟ್ಟದ್ದು ನಾವಿಬ್ಬರೂ ಅಲ್ಲ. ಎದ್ದು ಬಂದ ವಕೀಲಮ್ಮ ಮೆಟ್ಟಿಲ ಮೇಲೆ ನಿಂತು ಕಣ್ಣುಜ್ಜುತ್ತ, ‘ಅವನಿಗೆ ಸೆಕೆ ಆಗಿತ್ತು ಅಜ್ಜಿ. ಫ್ಯಾನು ಎಲ್ಲಿ ಜೋರಾಗಿ ತಿರುಗತ್ತೆ?’ ಎಂದಳು. ಟಿಕೆಟ್ ತಾತನ ಬಾಗಿಲು ಗಾಳಿಗೆಂದು ಅರ್ಧ ತೆರೆದಿರುತ್ತದೆ. ಒಳಗೆ ಮಂಚದ ಮೇಲೆ, ಟೇಬಲ್ ಫ್ಯಾನಿನ ಎದುರು, ಆ ಎಪ್ಪತ್ತೆರಡು ವರ್ಷದವರೂ ಈ ಮೂರೂವರೆ ವರ್ಷದವನೂ ಮುಖಕ್ಕೆ ಮುಖ ಕೊಟ್ಟು ಗೊರಕೆ ಹೊಡೆಯುತ್ತಿದ್ದರು. ಪಂಚು ನಮ್ಮವನ ಮುಷ್ಟಿಯಲ್ಲಿತ್ತು. ತಾತನಿಗೆ ಮಗು ಬಂದು ಮಲಗಿದ್ದೇ ಗೊತ್ತಿಲ್ಲ. ಒಟ್ಟು ಇಪ್ಪತ್ತೈದು ನಿಮಿಷ. ಮೈಮೇಲೆ ಒಂದು ಗೀರೂ ಇಲ್ಲ.

ತಪ್ಪು ನನ್ನದು. ಅಂದೇ ತುಕ್ಕು ಹಿಡಿದಿದ್ದ ಮೇಲಿನ ಅಗುಳಿಗೆ ಎಣ್ಣೆ ಬಿಟ್ಟು ಸಡಿಲ ಮಾಡಿದೆ, ಬಾಗಿಲಿಗೆ ಸೈಕಲ್ ಗಂಟೆ ಕಟ್ಟಿದೆ, ಅವರು ಮಲಗಿದ ಹೊತ್ತು ನಾನು ಮಲಗುವುದು ಬಿಟ್ಟೆ. ಈ ಕಾಗದ ಆ ಹೊತ್ತಿನಲ್ಲೇ ಬರೆಯುತ್ತಿರುವುದು. ಆದರೆ ತಪ್ಪು ನನ್ನದಾದರೆ ಶಿಕ್ಷೆ ನಿನಗೇಕೆ?

ಅಂದು ಸಂಜೆ ಅವನು ನಿನಗೆ ಫೋನು ಮಾಡಿದಾಗ ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ‘ಮಗು ಕಾಣೆಯಾಗಿತ್ತು’ ಎಂದ. ಎಲ್ಲಿ ಸಿಕ್ಕಿತು ಎಂದು ಹೇಳಲಿಲ್ಲ. ‘ಅಮ್ಮನ ಕೈಲಾಗಲ್ಲ, ವಯಸ್ಸಾಯ್ತು. ನೀನು ಬಂದುಬಿಡು’ ಎಂದ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು, ನಾನು ಕದಲಲಿಲ್ಲ. ಅವನು ಫೋನು ಇಟ್ಟ ಮೇಲೆ ಎದುರಿಗೆ ಕೂರಿಸಿಕೊಂಡು, ಮೂವತ್ತಮೂರು ವರ್ಷದಿಂದ ಯಾರಿಗೂ ಹೇಳದ ಒಂದು ವಿಷಯ ಹೇಳಿದೆ. ಅದನ್ನು ನೀನೂ ತಿಳಿದಿರು.

ಅವನಿಗೆ ಆಗ ನಾಲ್ಕು ವರ್ಷ. ಕಾರ್ಖಾನೆಯಲ್ಲಿ ನನ್ನನ್ನು ಹೆಡ್ ಕಟರ್ ಮಾಡಬೇಕೆಂದು ಎರಡು ತಿಂಗಳ ತರಬೇತಿಗೆ ಬೇರೆ ಊರಿಗೆ ಕಳಿಸಿದ್ದರು. ಹೆಂಗಸರಲ್ಲಿ ನಾನೇ ಮೊದಲು. ಇಪ್ಪತ್ತನೆಯ ದಿನ ನಿನ್ನ ಮಾವನಿಂದ ತಂತಿ ಬಂತು: ‘ಮಗುವಿಗೆ ಜ್ವರ, ಕೂಡಲೇ ಬಾ.’ ಹನ್ನೊಂದು ಗಂಟೆ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಬಂದು ನೋಡಿದರೆ ಮಗು ಹೊಸ್ತಿಲ ಮೇಲೆ ಕೂತು ಐಸ್‌ಕ್ಯಾಂಡಿ ಚೀಪುತ್ತಿತ್ತು. ಜ್ವರ ಬಂದದ್ದು ಒಂದು ದಿನ, ಬಿಟ್ಟು ಮೂರು ದಿನವಾಗಿತ್ತು. ನಿನ್ನ ಮಾವ ಕೆಟ್ಟವರಲ್ಲ. ಅವರಿಗೆ ಅನ್ನ ಮಾಡಲು ಬರುತ್ತಿರಲಿಲ್ಲ, ಅಷ್ಟೇ. ನಾನು ತಿರುಗಿ ಹೋಗಲಿಲ್ಲ. ಯಾರೂ ತಡೆಯಲಿಲ್ಲ, ಯಾರೂ ಹೋಗು ಎನ್ನಲೂ ಇಲ್ಲ. ನಾನೇ ಚಾಕ್ ಹಿಡಿಯಲು ಕಲಿಸಿದ ಹುಡುಗ ಹೆಡ್ ಕಟರ್ ಆದ. ನಿವೃತ್ತಿಯ ದಿನದವರೆಗೂ ಅವನ ಗೆರೆಯ ಮೇಲೆ ನಾನು ಕತ್ತರಿ ಆಡಿಸಿದೆ. ಅವನ ಗೆರೆ ಯಾವತ್ತೂ ನೆಟ್ಟಗಿರುತ್ತಿರಲಿಲ್ಲ.

ಇದನ್ನು ಕೇಳಿ ನಿನ್ನ ಗಂಡ, ‘ನಂಗೆ ಗೊತ್ತಿರಲಿಲ್ಲ ಅಮ್ಮ’ ಎಂದ. ‘ಆಗ ನಿನಗೆ ನಾಲ್ಕು ವರ್ಷ, ಗೊತ್ತಿರಬೇಕಾಗಿರಲಿಲ್ಲ. ಈಗ ಮೂವತ್ತೇಳು’ ಎಂದೆ. ಎದ್ದು ಹೋಗಿ ಒಲೆ ಒರೆಸಿದ.

ಭಾನುವಾರ ಅವನಿಗೆ ರಜೆ. ಕನ್ನಡಕದ ಕಾಲು ಸರಿ ಮಾಡಿಸಬೇಕು ಎಂದು ಬೆಳಿಗ್ಗೆ ಎಂಟಕ್ಕೇ ಮನೆಯಿಂದ ಹೊರಟೆ. ಕನ್ನಡಕದ ಕೆಲಸ ಹತ್ತು ನಿಮಿಷದ್ದು. ಉಳಿದ ಹೊತ್ತು ಪಾರ್ಕಿನ ಬೆಂಚಿನ ಮೇಲೆ ಕೂತು ಬ್ರೆಡ್ಡು ತಿಂದು, ನಿದ್ದೆ ಮಾಡಿ, ಸಾಯಂಕಾಲ ಐದಕ್ಕೆ ಬಂದೆ. ಮನೆ ಬಾಗಿಲಲ್ಲಿ ಟಿಕೆಟ್ ತಾತ ಕಾವಲು ನಿಂತಿದ್ದರು. ಒಳಗೆ ನಿನ್ನ ಗಂಡ ಮುಖದ ತುಂಬ ಸೀಮೆಸುಣ್ಣ ಬಳಿದುಕೊಂಡು ಮೇಜಿನ ಕೆಳಗೆ ಅಡಗಿ ಕೂತಿದ್ದ. ಅವಿತು ಆಡುವ ಆಟ ಮುಗಿದು ಅರ್ಧ ಗಂಟೆಯಾಗಿತ್ತಂತೆ. ಅವನು ಹೊರಗೆ ಬಂದಿರಲಿಲ್ಲ. ‘ದಿನಾ ಹೀಗೇನಾ?’ ಎಂದು ಕೇಳಿದ. ‘ಇವತ್ತು ಪಾಪ, ಸುಮ್ಮನಿದ್ದಾರೆ’ ಎಂದೆ. ಅಂದು ಸಂಜೆ ಫ್ರಿಜ್ಜಿನ ಮೇಲಿದ್ದ ಪಟ್ಟಿಯನ್ನು ಅವನೇ ಕಿತ್ತ. ಕ್ಷಮಿಸು ಎಂಬ ಮಾತು ಅವನ ಬಾಯಿಂದ ಬಂದಿಲ್ಲ, ನಾನು ಕಾಯುತ್ತಲೂ ಇಲ್ಲ. ಅವನಿಗೆ ನಿನ್ನ ನೆನಪಾಗುತ್ತದೆ ಕಣೆ. ಅದನ್ನು ಹೇಳಲು ಬಾಯಿ ಬಾರದೆ ಮಕ್ಕಳ ಹೆಸರು ಹೇಳುತ್ತಾನೆ. ಆ ಭಾಷೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅರ್ಥವಾಯಿತೆಂದು ತಲೆಬಾಗಬೇಕೇ?

ಮಕ್ಕಳು ನಿನ್ನನ್ನು ಕೇಳುವುದಿಲ್ಲ ಎಂದು ಸುಳ್ಳು ಹೇಳಲಾರೆ. ಕೇಳುತ್ತಾರೆ. ಬುಗುರಿ ಮಲಗುವಾಗ ಕೇಳಿ ಅಳುತ್ತಾನೆ, ಅವನ ಬೆನ್ನು ತಟ್ಟುತ್ತಾ ಒಮ್ಮೊಮ್ಮೆ ನಾನೂ ಅಳುತ್ತೇನೆ, ಬೆಳಗಾದರೆ ಇಬ್ಬರೂ ಬ್ರೆಡ್ಡಿಗೆ ಜಗಳವಾಡುತ್ತೇವೆ. ಐದು ವಾರ ಕಳೆದವು, ಉಳಿದಿರುವುದು ನಾಲ್ಕು. ಬಿಟ್ಟು ಬಂದರೆ ಮತ್ತೆ ಆ ಸೀಟು ಸಿಗುವುದಿಲ್ಲ ಎಂದು ನೀನೇ ಹೇಳಿದ್ದೆ.

ನಿನ್ನ ಮೇಷ್ಟ್ರಿಗೆ ನಮಸ್ಕಾರ ತಿಳಿಸು, ನಿನ್ನ ರೂಮಿನ ಗೊರಕೆಯ ಹುಡುಗಿಗೂ. ಹೊತ್ತಿಗೆ ಸರಿಯಾಗಿ ಉಣ್ಣು. ಗಾಳಿ ಜೋರಿರುವ ದಿನ ಮೇಲೆ ಹತ್ತು ಎಂದರೆ ಜಗಳ ಮಾಡು, ನನ್ನ ಹೆಸರು ಹೇಳು. ನಿನ್ನ ಕೈ ಗಟ್ಟಿಯಾಗಲಿ, ಎತ್ತಿದ ಭಾರವೆಲ್ಲ ಇಳಿಸಬೇಕಾದ ಜಾಗದಲ್ಲೇ ಇಳಿಯಲಿ.

ನಿನ್ನ ಅತ್ತೆ

ಮರೆತಿದ್ದೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಬುಗುರಿ ಎದ್ದ: ಇವತ್ತು ಬೆಳಿಗ್ಗೆ ನಿನ್ನ ಗಂಡನ ಹೆಸರಿಗೆ ನೀನು ಕಳಿಸಿದ ಫಾರಂ ಬಂತು. ‘ಮನೆಯಲ್ಲಿ ತುರ್ತು ಪರಿಸ್ಥಿತಿ ಇರುವುದರಿಂದ ತರಬೇತಿಯಿಂದ ಬಿಡುಗಡೆ ಮಾಡಿ’ ಎಂಬುದು. ಕೆಳಗೆ ‘ಮನೆಯ ಹಿರಿಯರ ಸಹಿ’ ಎಂದಿತ್ತು. ಮನೆಯ ಹಿರಿಯಳು ನಾನು, ಆದ್ದರಿಂದ ನಾನೇ ಒಡೆದು ಓದಿದೆ. ಒಳ್ಳೆಯ ದಪ್ಪ ಕಾಗದ. ಎಂಟು ಮಡಿಕೆ ಮಾಡಿ ಒಂದೇ ಕತ್ತರಿಗೆ ಕೈಕೈ ಹಿಡಿದ ಎಂಟು ಗೊಂಬೆ ತೆಗೆದುಕೊಟ್ಟೆ. ಮಕ್ಕಳಿಗೆ ಊಟದವರೆಗೂ ಅದೇ ಆಟ. ನಾಲ್ಕು ಗೊಂಬೆ ಅವರು ಇಟ್ಟುಕೊಂಡಿದ್ದಾರೆ, ನಾಲ್ಕು ಈ ಲಕೋಟೆಯಲ್ಲಿವೆ. ಸಹಿಯ ಜಾಗ ಕೊನೆಯದರ ಹೊಟ್ಟೆಯ ಮೇಲಿದೆ, ನೋಡು. ಸಿಟ್ಟು ಬಂದರೆ ಕೂಡಿಟ್ಟುಕೊ. ಜೂನ್ ಎಂಟನೆಯ ತಾರೀಖು ಪರೀಕ್ಷೆ ಮುಗಿಸಿ, ಬಂದು ಬೈ.