ಮುಂದಿನ ಕೋಣೆಗೆ ನಿನ್ನ ಸಹಿ

ಮನೆಯಿಂದ,
ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ನನ್ನ ಮಗಳು ಪುಟ್ಟಕ್ಕನಿಗೆ,

ಅಪ್ಪನ ಆಶೀರ್ವಾದ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಮೊಮ್ಮಗಳ ಮುಂದಿನ ಎರಡು ಹಲ್ಲು ಬಿದ್ದವೆಂದು ಬರೆದಿದ್ದೀಯ. ನನ್ನವೂ ಎರಡು ಅಲುಗಾಡುತ್ತಿವೆ. ಅವಳಿಗೆ ಮತ್ತೆ ಬರುತ್ತವೆ, ನನಗೆ ಬರುವುದಿಲ್ಲ, ನಮ್ಮಿಬ್ಬರಿಗೂ ಅಷ್ಟೇ ವ್ಯತ್ಯಾಸ ಎಂದು ಅವಳಿಗೆ ಹೇಳು.

ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ನಿನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ಗೊತ್ತಿದ್ದೂ ತಡ ಮಾಡಿದೆ, ಕ್ಷಮಿಸು. ಟೈಮ್ ಅಂಡ್ ಟೈಡ್ ಯಾರಿಗೋ ಕಾಯುವುದಿಲ್ಲ ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಯಾರಿಗೆ ಎಂಬುದು ಈಗ ಮರೆತಿದೆ. ಮೂರು ಸಲ ಬರೆಯಲು ಕುಳಿತು ಮೂರು ಸಲವೂ ಹರಿದು ಹಾಕಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವು ನಾಲ್ಕನೆಯ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಇದರ ಜೊತೆ ಒಂದು ಒಪ್ಪಿಗೆ ಪತ್ರ ಇಟ್ಟಿದ್ದೇನೆ. ಅದರ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಅದನ್ನೇ ಮೊದಲು ಬಿಡಿಸಿ ನೋಡಿ ಕಾಗದವನ್ನು ಮೂಲೆಗೆ ಎಸೆಯುತ್ತೀಯ. ನಿನ್ನ ಅಮ್ಮ ಹತ್ತೊಂಬತ್ತು ವರ್ಷ ಮುಂದಿನ ಕೋಣೆಯಲ್ಲಿ ನಡೆಸಿದ ಶಿಶುವಿಹಾರದ ಪರವಾನಗಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅದು ಅವಳ ಹೆಸರಿನಲ್ಲಿತ್ತು, ಮನೆಯೂ ಅವಳ ಹೆಸರಿನಲ್ಲೇ ಇತ್ತು. ಇನ್ನು ಮುಂದೆ ನಡೆಯಬೇಕಾದರೆ ಕೋಣೆ ಕೊಡಲು ನನ್ನ ಜೊತೆ ನೀನೂ ಒಪ್ಪಿ ಸಹಿ ಹಾಕಬೇಕು. ಇಲಾಖೆಯ ನಿರೀಕ್ಷಕಿ ಇಪ್ಪತ್ತನಾಲ್ಕಕ್ಕೆ ಬರುತ್ತಾಳೆ. ನಿನಗಿಂತ ಚಿಕ್ಕವಳು, ಆದರೆ ಮಾತು ತೂಕದ್ದು. “ನಿಮ್ಮ ಮಗಳ ಸಹಿ ಇಲ್ಲದೆ ಏಪ್ರಿಲ್ ಒಂದಕ್ಕೆ ಈ ಬಾಗಿಲು ತೆಗೆಯೋ ಹಾಗಿಲ್ಲ ತಾತ, ನನಗೆ ಬೇಜಾರಾದ್ರೂ ನಾನೇ ಬಂದು ಮುಚ್ಚಿಸ್ಬೇಕಾಗುತ್ತೆ” ಎಂದು ಹೇಳಿ ಹೋಗಿದ್ದಾಳೆ.

ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. ‘ಅಮ್ಮನನ್ನು ಬಲಿ ತೆಗೆದುಕೊಂಡ ಮಕ್ಕಳಿಗೆ ಇನ್ನೂ ಬಾಗಿಲು ತೆರೆಯುತ್ತೀಯಲ್ಲ ಅಪ್ಪ, ನಿನಗೆ ಮನಸ್ಸಾದರೂ ಹೇಗೆ ಬರುತ್ತದೆ? ಬೀಗ ಹಾಕಿ ಇಲ್ಲಿಗೆ ಬಾ.’ ಮನಸ್ಸು ಹೇಗೆ ಬರುತ್ತದೆಂದು ಹೇಳಲು ಇಲ್ಲಿ ಏನು ನಡೆದಿದೆ ಎಂಬುದನ್ನು ಮೊದಲು ಹೇಳಬೇಕು.

ಈ ಅಂಟುಜ್ವರದ ಬಗ್ಗೆ ಸರ್ಕಾರದ ಹೊಸ ಸುತ್ತೋಲೆ ಬಂದಿದೆ, ಹನ್ನೊಂದು ಪುಟ, ಎಲ್ಲ ಇಂಗ್ಲಿಷಿನಲ್ಲಿ. ಬಿ.ಎ. ಓದಿದ ಜಂಬಕ್ಕೆ ಯಾರನ್ನೂ ಕೇಳದೆ ನಾನೇ ಓದಲು ಕುಳಿತೆ. ‘ಶುಡ್’ ಅಂದರೆ ಹಿತವಚನ, ‘ಶಲ್’ ಅಂದರೆ ಕಟ್ಟಪ್ಪಣೆ ಎಂದು ನಮ್ಮ ಇಂಗ್ಲಿಷ್ ಲೆಕ್ಚರರು ಹೇಳಿದ್ದೊಂದು ನೆನಪಿತ್ತು. ಎಣಿಸಿದೆ. ನಲವತ್ತೊಂದು ಕಟ್ಟಪ್ಪಣೆ, ಒಂಬತ್ತು ಹಿತವಚನ. ‘ಕೊಹಾರ್ಟ್’ ಎಂಬ ಪದ ಪುಟಪುಟಕ್ಕೂ ಬರುತ್ತಿತ್ತು. ಅದು ಹಳೆಯ ಕಾಲದ ಸೈನ್ಯದ ತುಕಡಿ ಎಂದು ಚರಿತ್ರೆಯ ತರಗತಿಯಲ್ಲಿ ಓದಿದ ನೆನಪು. ಸರ್ಕಾರ ಈ ವಯಸ್ಸಿನಲ್ಲಿ ನನ್ನಿಂದ ಯಾವ ದಂಡಯಾತ್ರೆ ಮಾಡಿಸುತ್ತದೋ ಎಂದು ಗಾಬರಿಯಾದೆ. ತರಬೇತಿಗೆ ಹೋದ ಮೇಲೆ ತಿಳಿಯಿತು, ಆರಾರು ಮಕ್ಕಳ ಗುಂಪು ಮಾಡಿ ಒಂದರ ಜೊತೆ ಇನ್ನೊಂದು ಬೆರೆಯದಂತೆ ನೋಡಿಕೊಳ್ಳಬೇಕು, ಅಷ್ಟೇ. ಮನೆಗೆ ಬಂದು ನಮ್ಮ ಸಹಾಯಕಿಗೆ ಹೇಳಿದೆ. ಅಮ್ಮನ ಕಾಲದಿಂದ ಇರುವ ಅವಳ ನಾಲಿಗೆ ನಿನಗೆ ಗೊತ್ತಲ್ಲ. “ತುಕಡೀನೇ ಸರಿ ಬಿಡಿ. ನಿಮಗೇನು, ಕುರ್ಚಿ ಮೇಲೆ ಕೂತಿರ್ತೀರ. ಯುದ್ಧ ಮಾಡೋಳು ನಾನು” ಎಂದಳು.

ತರಬೇತಿಯ ಕೊನೆಗೆ ಪರೀಕ್ಷೆಯೂ ಇತ್ತು. ಇಪ್ಪತ್ತಕ್ಕೆ ಹದಿನೇಳು ಬಂತು. ಸಹಾಯಕಿಗೆ ಹತ್ತೊಂಬತ್ತು. ಈ ವಿಷಯ ಅವಳಿಂದಲೇ ನಿನಗೆ ತಿಳಿಯುವ ಮೊದಲು ನಾನು ಬರೆಯುವುದು ಒಳ್ಳೆಯದು.

ಈಗ ನಮ್ಮ ದಿನ ಹೀಗಿದೆ. ಹೆತ್ತವರು ಗೇಟಿನ ಆಚೆಯೇ ನಿಲ್ಲಬೇಕು. ನಾನು ಗೇಟಿನ ಬಳಿ ಮೇಜು ಹಾಕಿಕೊಂಡು ಒಂದೊಂದು ಮಗುವಿನ ಹಣೆಗೂ ಯಂತ್ರ ಹಿಡಿದು ಜ್ವರ ನೋಡುತ್ತೇನೆ. ನೂರರ ಮೇಲಿದ್ದರೆ ಮಗು ಬಂದ ಕೈಯಲ್ಲೇ ವಾಪಸ್. ಆಮೇಲೆ ಕೈ ತೊಳೆಯುವುದು, ಇಪ್ಪತ್ತು ಎಣಿಸುವವರೆಗೆ. ಕಂಡಕ್ಟರನ ಮಗ ಗುಂಡ ಹನ್ನೊಂದರಿಂದ ನೇರ ಇಪ್ಪತ್ತಕ್ಕೆ ಜಿಗಿಯುತ್ತಾನೆ. ಅವನ ಅಪ್ಪನ ಬಸ್ಸೂ ನಡುವಿನ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲವಂತೆ. ಆಟದ ಸಾಮಾನನ್ನೆಲ್ಲ ಸಂಜೆ ಬ್ಲೀಚಿಂಗ್ ನೀರಿನಲ್ಲಿ ತೊಳೆದು ಹಿತ್ತಲಲ್ಲಿ ಒಣಹಾಕುತ್ತೇವೆ. ಕಿಟಕಿಗಳು ಸದಾ ತೆರೆದಿರಬೇಕು. ಮಧ್ಯಾಹ್ನ ಮಲಗಿಸುವಾಗ ಒಬ್ಬರ ತಲೆಯ ಕಡೆ ಪಕ್ಕದವರ ಕಾಲು ಬರಬೇಕು, ಉಸಿರು ಉಸಿರಿಗೆ ತಾಗಬಾರದೆಂದು. ಇದನ್ನು ಬರೆದ ಪುಣ್ಯಾತ್ಮರು ಮಕ್ಕಳನ್ನು ಸಾಕಿದವರಲ್ಲ. ಕಣ್ಣೆದುರಿಗೆ ಪಕ್ಕದವನ ಅಂಗಾಲು ಇದ್ದರೆ ಕಚಗುಳಿ ಇಡದೆ ಯಾವ ಮಗು ನಿದ್ದೆ ಮಾಡೀತು?

ನಗಬೇಡ ಪುಟ್ಟಕ್ಕ, ಕೆಲವಕ್ಕೆ ನಕ್ಕರೂ ನಾನು ಎಲ್ಲವನ್ನೂ ಪಾಲಿಸುತ್ತೇನೆ. ಸರ್ಕಾರವೂ ಈ ಸಲ ಬರೀ ಅಪ್ಪಣೆ ಕಳಿಸಿ ಕೈ ತೊಳೆದುಕೊಂಡಿಲ್ಲ. ಆಸ್ಪತ್ರೆ, ನೀರು, ಬಸ್ಸು, ಕಸದ ಗಾಡಿಯಲ್ಲಿ ಕೆಲಸ ಮಾಡುವವರ ಮಕ್ಕಳನ್ನು ನೋಡಿಕೊಳ್ಳುವ ಮನೆಗಳಿಗೆ ಸಹಾಯಕಿಯ ಸಂಬಳ, ಸೋಪು, ಮಾಸ್ಕು ಎಲ್ಲ ಅಲ್ಲಿಂದಲೇ ಬರುತ್ತದೆ. ತಿಂಗಳಿಗೊಮ್ಮೆ ವೈದ್ಯರು ಬಂದು ಮಕ್ಕಳನ್ನು ನೋಡಿ ಹೋಗುತ್ತಾರೆ. ಈ ಭಾಗದಲ್ಲಿ ಮೊದಲು ಇಂಥ ಐದು ಮನೆಗಳಿದ್ದವು, ಈಗ ನಮ್ಮದೊಂದೇ. ನಮ್ಮದೂ ಮುಚ್ಚಿದರೆ ಹನ್ನೆರಡು ಮಕ್ಕಳ ತಾಯ್ತಂದೆಯರು ಕೆಲಸ ಬಿಡಬೇಕು, ಇಲ್ಲವೇ ಮಕ್ಕಳನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗಬೇಕು. ಎರಡನೆಯದನ್ನು ಮಾಡುವವರನ್ನು ಆಗಲೇ ಕಂಡಿದ್ದೇನೆ.

ಇನ್ನು ನರ್ಸಮ್ಮನ ವಿಷಯ. ಅವಳ ಹೆಸರೆತ್ತಿದರೆ ನೀನು ಪತ್ರ ಮಡಚಿಡುತ್ತೀಯೆಂದು ಗೊತ್ತು. ಮಡಚಬೇಡ, ಓದು.

ಅವಳ ಮಗಳು ಪಿಟೀಲು ನಿನಗೆ ನೆನಪಿರಬೇಕು. ಸದಾ ಒಂದೇ ರಾಗದಲ್ಲಿ ಕೊಯ್ಯುತ್ತಾಳೆಂದು ಅಮ್ಮ ಇಟ್ಟ ಹೆಸರು. ಕಳೆದ ಸೆಪ್ಟೆಂಬರಿನಲ್ಲಿ ಅಮ್ಮ ಆಸ್ಪತ್ರೆ ಸೇರಿದ ವಾರವೇ ಆ ಮಗುವಿಗೂ ಜ್ವರ ಬಂತು. ಮಗು ಮೂರು ದಿನಕ್ಕೆ ಎದ್ದು ಕುಳಿತಿತು, ಅಮ್ಮ ಏಳಲಿಲ್ಲ. ಆಸ್ಪತ್ರೆಯಲ್ಲಿ ದುಡಿಯುವವಳ ಮಗು ತಾನೇ, ಅಲ್ಲಿಂದಲೇ ಬಂತು ಎಂದು ಬೀದಿಯೆಲ್ಲ ಹೇಳಿತು. ಹದಿಮೂರನೆಯ ದಿನ ನೀನು ಅವಳಿಗೆ ಫೋನ್ ಮಾಡಿ, “ಸಂಬಳ ನಿಮಗೆ, ಸಾವು ನಮಗೆ” ಎಂದೆ. ನಾನು ಪಕ್ಕದಲ್ಲೇ ಕುಳಿತಿದ್ದೆ. ಮರುದಿನದಿಂದ ಪಿಟೀಲು ಬರಲಿಲ್ಲ.

ಈಗ ಆ ಮಗು ಆಸ್ಪತ್ರೆಯಲ್ಲಿ ಒಗೆದ ಬಟ್ಟೆ ಮಡಚುವ ಕೋಣೆಯಲ್ಲಿ ಬೆಳೆಯುತ್ತಿದೆ. ಹಾಸಿಗೆಯ ಚಾದರಗಳ ಕಟ್ಟಿನ ಮೇಲೆ ಕೂರಿಸಿ, ಅಲ್ಲಿನ ಹೆಂಗಸರಿಗೆ ಒಂದು ಕಣ್ಣಿಟ್ಟಿರಿ ಎಂದು ಹೇಳಿ ತಾಯಿ ವಾರ್ಡಿಗೆ ಹೋಗುತ್ತಾಳೆ. ಮಗು ಹೊರಗೆ ಬರಬಾರದು, ಯಾರಿಗೂ ಕಾಣಬಾರದು. ಕಳೆದ ತಿಂಗಳು, ಫೆಬ್ರವರಿ ಹದಿನೈದಕ್ಕೆ, ಪಾಳಿ ಮುಗಿಸಿ ನರ್ಸಮ್ಮ ನಮ್ಮ ಗೇಟಿಗೆ ಬಂದಳು. ಬಂದವಳು ಗೇಟು ಮುಟ್ಟದೆ ರಸ್ತೆಯ ಆಚೆ ಬದಿಯಲ್ಲೇ ನಿಂತಳು. ನಾನೇ ಎದ್ದು ಹೋದೆ.

“ಅಂಕಲ್, ನಿಮ್ಮ ಮಗಳು ಹೇಳಿದ್ದು ತಪ್ಪಲ್ಲ. ನನ್ನಿಂದಲೇ ಬಂದಿರ್ಬೇಕು. ಅದು ಗೊತ್ತಿದ್ದೂ ಕೇಳೋಕೆ ಬಂದಿದೀನಿ. ಇವಳನ್ನ ಬಿಡೋಕೆ ನನಗೆ ಬೇರೆ ಮನೆ ಇಲ್ಲ” ಎಂದಳು.

ಮಗಳನ್ನು ಒಂದು ಮಾತು ಕೇಳಿ ಹೇಳುತ್ತೇನೆಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ. ಅದಕ್ಕೂ ಅವಳು ತಲೆಬಾಗಿ ಹೋದಳು. ಸಹಾಯಕಿ ಗೇಟಿನ ಒಳಗಿಂದ ಇದೆಲ್ಲವನ್ನೂ ನೋಡಿದ್ದಳು. ಸಂಜೆ ಹೊರಡುವಾಗ, “ಸುತ್ತೋಲೆ ಹನ್ನೊಂದು ಪುಟ ಓದಿದ್ರಿ, ಒಬ್ಬ ಹೆಂಗಸಿನ ಮುಖ ಓದೋಕಾಗ್ಲಿಲ್ವಾ” ಎಂದು ಕೇಳಿ ಹೋದಳು.

ಹಾಗಾಗಿ ನನಗೆ ನಿನ್ನ ಸಹಿ ಬೇಕು. ನಿನ್ನ ಮನೆಯಲ್ಲಿ ನನಗೆ ಏನೂ ಕಡಿಮೆಯಾಗುವುದಿಲ್ಲ ಎಂಬುದು ಗೊತ್ತು. ಅಳಿಯಂದಿರು ನನಗಾಗಿ ಕೋಣೆಗೆ ಬಣ್ಣ ಹೊಡೆಸಿದ್ದಾರೆಂದು ಓದಿ ಕಣ್ಣು ತುಂಬಿತು. ಬಂದೇ ಬರುತ್ತೇನೆ, ರಜೆಯಲ್ಲಿ. ಆದರೆ ಈ ಕೋಣೆಗೆ ಬೀಗ ಹಾಕಿ ಬಂದು ಕುಳಿತರೆ ಅಲ್ಲಿ ನನಗೆ ಅನ್ನ ಇಳಿಯುವುದಿಲ್ಲ. ಸಹಿಯನ್ನು ಅಂಚೆಯಲ್ಲೇ ಕಳಿಸು, ಇಪ್ಪತ್ತಮೂರರ ಒಳಗೆ ಬಂದರೆ ಸಾಕು.

ನಿನ್ನ ಮೊಣಕಾಲು ನೋವು ಹೇಗಿದೆ? ಹೊಲಿಗೆ ಯಂತ್ರದ ಮುಂದೆ ಒಂದೇ ಸಮನೆ ಕೂರಬೇಡ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡು. ಇದು ಹಿತವಚನವಲ್ಲ, ಕಟ್ಟಪ್ಪಣೆ. ನೀನೂ ನಿನ್ನವರೂ ಉಸಿರು ತುಂಬಿ ಬದುಕಿ, ನಿಮ್ಮ ಮನೆಯ ಬಾಗಿಲಿಗೆ ಕಾಯಿಲೆ ಬಾರದಿರಲಿ, ಮಗುವಿನ ಹಲ್ಲು ಬೇಗ ಬರಲಿ.

ಇಂತು ನಿನ್ನನ್ನು ಎತ್ತಿ ಆಡಿಸಿದ
ಅಪ್ಪ

ಮರುಬರಹ: ಇದು ಮರೆತು ಬಿಟ್ಟುಹೋದ ಮಾತಲ್ಲ, ಬೇಕೆಂದೇ ಬಿಟ್ಟ ಮಾತು. ಮೂರು ಪತ್ರ ಹರಿದದ್ದು ಇದಕ್ಕಾಗಿಯೇ. ಸಹಿ ಹಾಕುವ ಮುಂಚೆ ಓದು.

ಗೇಟಿನಲ್ಲಿ ಜ್ವರ ನೋಡಿ ಬರೆಯುವ ಪುಸ್ತಕ ಅಮ್ಮ ಇದ್ದಾಗಲೂ ಇತ್ತು. ಅದರಲ್ಲಿ ಮಕ್ಕಳದಲ್ಲದೆ ಅಮ್ಮನದು, ಸಹಾಯಕಿಯದು, ನನ್ನದು ಎಂದೂ ಕಲಂ ಇತ್ತು. ಮೂವತ್ತೊಂದು ವರ್ಷ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆದವನು ನಾನು. ಒಂದು ಕಲಮಿನಲ್ಲಿ ದಿನವೂ ಒಂದೇ ಅಂಕಿ ಬರುವುದಾದರೆ ಸೋಮವಾರವೇ ಶನಿವಾರದವರೆಗೆ ತುಂಬಿಬಿಡುವುದು ನನ್ನ ಹಳೆಯ ಚಾಳಿ. ನನ್ನ ಕಲಮಿನಲ್ಲಿ ಹಾಗೆಯೇ ವಾರಕ್ಕೆ ಆರು ಸಲ ತೊಂಬತ್ತೆಂಟು ಪಾಯಿಂಟ್ ನಾಲ್ಕು ಎಂದು ಬರೆದಿಡುತ್ತಿದ್ದೆ.

ಆ ಸೆಪ್ಟೆಂಬರಿನ ಬುಧವಾರ ನನಗೆ ಮೈ ನಡುಗಿತು. ಗುರುವಾರ ಬೆಳಿಗ್ಗೆ ಮಕ್ಕಳು ಬರುವ ಮೊದಲು ಯಂತ್ರವನ್ನು ನನ್ನ ಹಣೆಗೇ ಹಿಡಿದುಕೊಂಡೆ. ನೂರಾ ಒಂದು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹದಿನಾಲ್ಕು ದಿನ ಮುಚ್ಚಬೇಕೆಂಬುದು ಆಗಲೂ ಇದ್ದ ಕಟ್ಟಪ್ಪಣೆ. ಪುಸ್ತಕ ನೋಡಿದೆ. ಗುರುವಾರದ ಅಂಕಿ ಆಗಲೇ ಬರೆದಾಗಿತ್ತು. ಅಂದಿನವರೆಗೆ ನನ್ನ ಪುಸ್ತಕದಲ್ಲಿ ಒಂದು ತಿದ್ದೂ ಇರಲಿಲ್ಲ, ಅಂದೂ ತಿದ್ದಲಿಲ್ಲ. ಗೇಟಿನಲ್ಲಿ ಮೊದಲ ಮಗು ಬಂದು ನಿಂತಿತ್ತು. ಮಾತ್ರೆ ನುಂಗಿ, ಕುರ್ಚಿಯಲ್ಲಿ ಕುಳಿತು, ಎಲ್ಲರ ಜ್ವರವನ್ನೂ ನೋಡಿದೆ. ಮುಖವೇಕೆ ಹೀಗಿದೆ ಎಂದು ಅಮ್ಮ ಕೇಳಿದಳು. ನಿದ್ದೆ ಸಾಲದು ಎಂದೆ. ಆ ರಾತ್ರಿಯೂ ಅವಳ ಪಕ್ಕದಲ್ಲೇ ಮಲಗಿದೆ. ಭಾನುವಾರ ಅವಳಿಗೆ ಜ್ವರ ಬಂತು, ಸೋಮವಾರ ಪಿಟೀಲಿಗೆ. ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಈ ಮನೆಯಲ್ಲಿ ಮೊದಲು ಬಂದದ್ದು ನನಗೆ.

ನಿರೀಕ್ಷಕಿ ಬಂದಾಗ ಇದನ್ನು ಅವಳಿಗೆ ಹೇಳುತ್ತೇನೆ. ನನ್ನನ್ನು ಗೇಟಿನಿಂದ ತೆಗೆದರೆ ಪರವಾನಗಿಯನ್ನು ಸಹಾಯಕಿಯ ಹೆಸರಿಗೆ ಮಾಡಿಕೊಡಿ ಎಂದು ಕೇಳುತ್ತೇನೆ. ಅವಳಿಗೆ ನನಗಿಂತ ಎರಡು ಅಂಕ ಹೆಚ್ಚು ಬಂದಿದೆ. ನಾಳೆ ಆಸ್ಪತ್ರೆಗೆ ಹೋಗಿ ನರ್ಸಮ್ಮನಿಗೂ ಹೇಳುತ್ತೇನೆ. ಆದರೆ ನೀನು ಆಡಿದ ಮಾತನ್ನು ನಿನ್ನ ಪರವಾಗಿ ನಾನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಮಗಳೇ. ಆ ಮಾತು ಆಡಿಸಿದವನು ನಾನು, ಆಡಿದವಳು ನೀನು. ಸಹಿ ಹಾಕುವುದು ಬಿಡುವುದು ನಿನ್ನ ಇಷ್ಟ, ನನ್ನ ಜೊತೆ ಮಾತು ಬಿಟ್ಟರೂ ಸರಿ. ನರ್ಸಮ್ಮನಿಗೆ ಮಾತ್ರ ಫೋನ್ ಮಾಡು. ಈ ವಾರ ಅವಳದು ಬೆಳಗಿನ ಪಾಳಿ, ಎರಡು ಗಂಟೆಯ ಮೇಲೆ ಸಿಗುತ್ತಾಳೆ.