ಗಂಟಿಲ್ಲದ ಹೊಲಿಗಿ

ಮೇ ೧೨, ೧೯೪೨. ಮಂಗಳವಾರ

ಇವತ್ತೂ ಬಿಳಿ ಅಂಗಿನ. ಇಪ್ಪತ್ತೆರಡನೇದು. ಮಿಶೀನಿನ ಕೆಳಗ ಬರೇ ಬಿಳಿ ಬಟ್ಟಿ — ಕಣ್ಣ ಕುಕ್ಕತೈತಿ. ಬಣ್ಣದ ದಾರ ಎಲ್ಲಿಟ್ಟೀನೋ ಮರತ ಹೋತು.

ಹನಮಪ್ಪನ ಅಳತಿ ತಗೊಂಡೆ. ಪಟ್ಟಿ ಹಿಡದ ಕೂಡ್ಲೆ ಹೊಟ್ಟಿ ಒಳಗ ಎಳಕೊಂಡ. ಅಲ್ಲೋ, ಜಗತ್ತ ಮುಳಗೂ ದಿನಾ ಹೊಟ್ಟಿ ಯಾರಿಗೆ ಮುಚ್ಚತಿ ಅಂದೆ. ನಗಲಿಲ್ಲ. ಮ್ಯಾಲ ಒಂದ ತೋಳ ಗಿಡ್ಡ ಒಂದ ತೋಳ ಉದ್ದ ಆಗಬಾರ್ದಂತ. ಇನ್ನ ಹದಿನೆಂಟ ದಿನಾ ಐತಿ ಜಗತ್ತಿಗೆ, ಇವಗ ತೋಳ ಸಮ ಬೇಕು.

ಗುಡ್ಡದಜ್ಜ ಅಂತ, ಯುಗಾದಿ ಮುಂದ ನಮ್ಮೂರ ತಾವರಗೇರಾಕ್ಕ ಬಂದಾಂವ. ಊರ ಹೊರಗಿನ ಗುಡ್ಡದ ಮ್ಯಾಲ ಕುಂತಾನ. ಜೇಷ್ಠ ಹುಣ್ಣಿವಿ, ಅಂದ್ರ ಮೇ ೩೦, ಹೊತ್ತು ಮುಣಗೂದ್ರೊಳಗ ಎಲ್ಲಾ ಮುಗೀತೈತಿ ಅಂತಾನ. ಜಪಾನದವರು ಸಮುದ್ರದ ದಂಡಿಗೆ ಬಾಂಬ ಒಗದ ಸುದ್ದಿ ಬಂದಾಗಿಂದ ಮಂದಿ ದಿನಾ ಗುಡ್ಡ ಹತ್ತಾಕತ್ತಾರ. ನಂಬಿದವರು ಅವತ್ತ ಬಿಳಿ ಅಂಗಿ ಹಾಕ್ಕೊಂಡು ಅಲ್ಲಿ ಕುಂದರಬೇಕು. ಅದರಾಗೊಂದ ಕಟ್ಟಳಿ — ಹೊಲಿಗ್ಯಾಗ ಗಂಟ ಇರಬಾರ್ದು. ಗಂಟಿದ್ರ ಜೀವ ಸಿಕ್ಕೊಂತೈತಂತ. ಹೋಗೂ ಜೀವ ಹೋಗೂದಿಲ್ಲ, ಬರೂ ಜೀವ ಬರೂದಿಲ್ಲ.

ಹಂಗಾಗಿ ದಾರದ ತುದಿ ಹಂಗ ಬಿಡಾಕತ್ತೀನಿ. ಗಂಟಿಲ್ಲದ ಹೊಲಿಗಿ ನಾಕ ಸಲ ಕುಂತ ಎದ್ರ ಬಿಚ್ಚತೈತಿ. ಪಕ್ಕದ ಮನಿ ಮಕ್ಬುಲಸಾಬಗ ಅಂದೆ — ಜಗತ್ತ ಉಳೀತಂದ್ರ ಅರ್ಧ ಊರು ಬರೇ ಮೈಲೆ ಗುಡ್ಡ ಇಳೀತೈತಿ ನೋಡು. ಸಾಬ ಹತ್ತಿ ಹಿಂಜಾಕತ್ತಿದ್ದ. ನಕ್ಕ ನಕ್ಕ ಮೂಗಿನಾಗ ಹತ್ತಿ ಹೋಗಿ ಕೆಮ್ಮಿದ.

ಈ ಡೈರಿ ಬಟ್ಟಿ ಅಂಗಡಿ ಅಮರಪ್ಪಸೆಟ್ರು ಕೊಟ್ಟಿದ್ದು. ಡಿಸೆಂಬರ ತನಕ ಹಾಳಿ ಅದಾವು. ಅಚ್ಚ ಹಾಕಿದಾವಗ ಸುದ್ದಿ ಮುಟ್ಟಿಲ್ಲ ಕಾಣತೈತಿ.

ಮೇ ೧೫, ಶುಕ್ರವಾರ. ಅಮಾಸಿ

ಕಳಕವ್ವ ಗುಡ್ಡಕ್ಕ ಹೋಗಿದ್ಲು. ನನಗ ಹೇಳಲಾರದ.

ಬಂದು ಒಲಿ ಮುಂದ ಕುಂತು ಹಾಡಿದ್ಲು. ಸಣ್ಣ ದನೀಲೆ. ಕತ್ತರಿ ಕೈಯಾಗ ಹಿಡದು ಹಂಗ ನಿಂತೆ. ಈ ಮನಿಯಾಗ ಹೆಂಡತಿ ಹಾಡ ಕೇಳಿ ಮೂರ ವರ್ಷ ಆಗಿತ್ತು. ಪಂಪಿ ಹೋದಾಗಿಂದ ಇಲ್ಲ. ಒಬ್ಬಾಕಿನ ಮಗಳು. ಒಂಬತ್ತ ವರ್ಷದಾಕಿ. ಮುಂಜಾನೆ ವಾಂತಿಭೇದಿ ಸುರು ಆತು, ಹೊತ್ತು ಮುಣಗೂದ್ರೊಳಗ... ಅದನ್ನ ಬರಿಯೂದಿಲ್ಲ. ಅವತ್ತಿನಿಂದ ಕಳಕವ್ವನ ಮಾತಂದ್ರ ಉಣ್ರಿ, ಏಳ್ರಿ, ಕದಾ ಹಾಕ್ರಿ. ಇಷ್ಟ. ಊರ ಮಂದೀನೆಲ್ಲ ನಗಸ್ತೀನಿ. ಆಕಿನ್ನ ನಗಸಾಕ ಆಗಿಲ್ಲ.

ಅಜ್ಜ ಹೇಳ್ಯಾನಂತ, ಅವತ್ತ ಮಣ್ಣಾಗ ಇದ್ದವರೆಲ್ಲ ಎದ್ದ ಬರ್ತಾರ, ಕೂಸುಗೋಳು ಅವ್ವನ ತೊಡಿ ಹುಡುಕ್ಕೋತ ಬರ್ತಾವ.

"ಪಂಪಿ ಬರ್ತಾಳ್ರಿ. ಕಾಲತನಕ ಬರೂ ಒಂದ ಪರಕಾರ ಹೊಲದ ಕೊಡ್ರಿ. ಹಳೇವು ಗಿಡ್ಡ ಆಗ್ಯಾವು."

ಹಳೇವು ಗಿಡ್ಡ ಆಗ್ಯಾವು. ಏನರ ಚಾಷ್ಟಿ ಮಾಡಬೇಕಂತ ಬಾಯಿ ತಗದೆ. ಬರಲಿಲ್ಲ.

ಮೇ ೨೧, ಗುರುವಾರ

ಅಳತಿ ಎಲ್ಲಿಂದ ತರಲಿ. ಈಗ ಹನ್ನೆರಡ ತುಂಬಿರ್ತಿತ್ತು. ಮಕ್ಬುಲಸಾಬನ ಮಗಳು ಪಂಪಿ ಜೋಡಿ ಆಡಿ ಬೆಳದಾಕಿ, ಅದ ವಯಸ್ಸು. ಅವರವ್ವ ನೂರಜಾನಬಿಗೆ ಹೇಳಿದೆ, ಹಿಂಗ ಹಿಂಗ ಅಂತ. ಮಗಳನ್ನ ತಂದು ಮುಂದ ನಿಂದ್ರಿಸಿದ್ಲು. ನಾ ಪಟ್ಟಿ ಹಿಡದಾಗ ನೂರಜಾನಬಿ ಮಾರಿ ಆ ಕಡೆ ಮಾಡಿದ್ಲು.

ಹಸರ ಪರಕಾರ, ಕೆಂಪ ಅಂಚು. ಗಂಟ ಹಾಕಬ್ಯಾಡ್ರಿ, ಗಂಟ ಹಾಕಬ್ಯಾಡ್ರಿ ಅಂತ ಕಳಕವ್ವ ಹತ್ತ ಸಲ ಹೇಳ್ಯಾಳ.

ಹಾಕೀನಿ. ಹೊಲಿಗಿಗೆ ಎರಡೆರಡು, ಒಳಮಗ್ಗಲಿಗೆ. ಪಂಪಿ ಗಿಡ ಹತ್ತಾಕಿ, ಗ್ವಾಡಿ ಜಿಗ್ಯಾಕಿ. ಹುಟ್ಟಿದಾಗಿಂದ ಅಕಿ ಬಟ್ಟಿಗೆ ಎರಡೆರಡು ಗಂಟ ಹಾಕಿ ರೂಢಿ. ಬಿಚ್ಚಿ ಬೀಳೂ ಹಂಗ ಹೊಲಿಯಾಕ ಕೈ ಏಳಲಿಲ್ಲ. ಒಳಗ ಯಾರ ನೋಡ್ತಾರ.

ಮೇ ೩೧, ರವಿವಾರ. ಮುಂಜಾನೆ

ಜಗತ್ತ ಐತಿ. ಸಾಬನ ಕೋಳಿ ನಮ್ಮ ಅಂಗಳದಾಗ ಹೇತೈತಿ, ಅದ ಸಾಕ್ಷಿ.

ನಿನ್ನಿ ನಾನೂ ಹೋಗಿದ್ದೆ, ಆಕಿನ್ನೊಬ್ಬಾಕಿನ್ನ ಬಿಡಬಾರ್ದಂತ. ನೂರ ಮಂದಿ ಮ್ಯಾಲ ಇದ್ರು. ಬಂಡಿಗಲ್ಲು ಕಾದು ಹಂಚಾಗಿತ್ತು. ಕುಂದರಾಕ ಆಗವಲ್ದು, ನಿಂದರಾಕ ಆಗವಲ್ದು. ಎದ್ದು ಕುಂತು, ಎದ್ದು ಕುಂತು, ಮಧ್ಯಾಹ್ನದಾಗ ಹೊಲಿಗಿ ಬಿಚ್ಚಾಕ ಹತ್ತಿದ್ವು. ಹನಮಪ್ಪನ ತೋಳು, ಸಮ ಬೇಕು ಅಂದಿದ್ನಲ್ಲ, ಅದ ತೋಳು ಬಗಲಾಗ ಬಿಚ್ಚಿ ಮೊಣಕೈಗೆ ಜೋತಬಿತ್ತು. ಬ್ಯಾರೆ ದಿನಾ ಆಗಿದ್ರ ವರ್ಷಗಟ್ಲೆ ಹೇಳಿ ನಗತಿದ್ದೆ.

ಹೊತ್ತು ಮುಣಗಿತು. ಎದುರಿಗೆ ಚಂದ್ರಾಮ ಬಂದ, ದುಂಡಗ. ಏನೂ ಆಗಲಿಲ್ಲ. ಬಿಚ್ಚಿದ ಅಂಗಿ ಕೈಲೆ ಹಿಡಕೊಂಡು ಒಬ್ಬೊಬ್ಬರ ಇಳದ್ರು. ಅಜ್ಜ ಮುಚ್ಚಿದ ಕಣ್ಣ ತಗೀಲಿಲ್ಲ.

ಕಳಕವ್ವ ಪರಕಾರ ತೊಡಿ ಮ್ಯಾಲ ಇಟಗೊಂಡು ಸುಡಗಾಡ ಕಡೆ ದಾರಿ ನೋಡಕೋತ ಕುಂತಿದ್ಲು. ಎಬ್ಬಿಸಿದೆ. ಹಗುರ ಆಗಿದ್ಲು, ಬಟ್ಟಿ ಗಂಟಿನಂಗ.

ಜೂನ್ ೩, ಬುಧವಾರ

ಅಜ್ಜ ಇಲ್ಲ. ಗಂಗಾವತಿ ದಾರಿ ಹಿಡದು ಹೊಳಿ ದಾಟ್ಯಾನಂತ. ಹನಮಪ್ಪ ಇನ್ನ ಯಾತಕ್ಕ ಬೇಕು ಅಂತ ಜೋಡೆತ್ತು ಬೀಗರಿಗೆ ಕೊಟ್ಟಿದ್ದ. ಈಗ ತಿರುಗಿ ಕೇಳಾಕ ನಾಚಿಕಿ. ಅಂಗಡಿ ಮುಂದ ಹಾಯುವಾಗ ಟವೆಲ್ಲಿಲೆ ಮಾರಿ ಮುಚ್ಚಕೊಂಡ.

ಕಳಕವ್ವ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ. ಗುಡ್ಡ ಇಳದಾಗಿಂದ ನೀರ ಬಿಟ್ರ ಏನೂ ಮುಟ್ಟಿಲ್ಲ. ಹಕೀಮ ಹಾಜಿಸಾಬ ಬಂದು ನಾಡಿ ಹಿಡದ. ಹೊರಗ ಕರದು ಹೇಳಿದ, ಬ್ಯಾನಿ ಏನೂ ಇಲ್ಲ, ಆಕಿಗೆ ಇರೂದ ಬ್ಯಾಡಾಗೇತಿ, ಹಿಂಗ ಆದ್ರ ಇನ್ನೊಂದ ವಾರ.

ಆಕಿನ್ನ ನಗಸಾಕ ಗೌಡರಂಗ ನಡದ ತೋರಿಸಿದೆ. ಮಂಗ್ಯಾನಂಗ ಕುಣದೆ, ಹಾಜಿಸಾಬಂದ ದನಿ ತಗದೆ. ಗ್ವಾಡಿ ಮುಂದ ಕುಣದಂಗ ಆತು.

ಜೂನ್ ೪. ಸಂಜಿಮುಂದ

ಹೇಳಬಾರದ್ದು ಹೇಳೀನಿ.

ಅಮರಪ್ಪಸೆಟ್ರ ಅಂಗಡ್ಯಾಗ ಯಾರದೋ ಲಗ್ನಕ್ಕ ಪಂಚಾಂಗ ತಗದಿದ್ರು. ಈಗ ಅಧಿಕ ಮಾಸ, ಲಗ್ನ ಇಲ್ಲ ಅಂದ್ರು. ಈ ವರ್ಷ ಜೇಷ್ಠ ಎರಡ ಬಂದಾವು. ಈಗ ನಡದಿದ್ದು ಹೆಚ್ಚಿಂದು. ನಿಜ ಜೇಷ್ಠ ಮುಂದಿಂದು, ಅದರ ಹುಣ್ಣಿವಿ ಜೂನ್ ೨೮ಕ್ಕ. ಎತ್ತು ಓಡಸೂ ಕಾರಹುಣ್ಣಿವಿನೂ ಅವತ್ತ.

ಮನಿಗೆ ಓಡಿ ಬಂದೆ. ತಲಿ ಮಗ್ಗಲಕ್ಕ ಕುಂತೆ.

"ಕೇಳಿಲ್ಲಿ. ಅಜ್ಜ ತಪ್ಪಿಲ್ಲ, ನಾವ ತಪ್ಪೀವಿ. ಅಧಿಕ ಮಾಸದಾಗ ಒಂದ ಲಗ್ನ ಆಗೂದಿಲ್ಲ, ಜಗತ್ತ ಹೆಂಗ ಮುಗೀತೈತಿ?"

ಇದು ಚಾಷ್ಟಿ. ನಾ ಮಾಡಿದ ಚಾಷ್ಟಿಯೊಳಗ ಛಲೋದು ಇದ. ಅಂಗಡಿ ಕಟ್ಟಿ ಮ್ಯಾಲ ಹೇಳಿದ್ರ ಮಂದಿ ಉಳ್ಳಾಡಿ ನಗತಿದ್ರು.

ಆಕಿ ಈ ಕಡೆ ಹೊಳ್ಳಿದ್ಲು. "ಹೌದೇನ್ರಿ?"

ಹೌದಂದೆ.

ಎದ್ದು ಕುಂತ್ಲು. ಹಾಲಾಗ ಅರ್ಧ ರೊಟ್ಟಿ ಮುರದು ತಿಂದ್ಲು. ನಾ ಹಿತ್ತಲಕ್ಕ ಹೋಗಿ ಅತ್ತ ಬಂದೆ. ಸಂತೋಷಕ್ಕೋ ಯಾತಕ್ಕೋ.

ಜೂನ್ ೮, ಸೋಮವಾರ

ಮಿರಗದ ಮಳಿ ಹದಾ ಹಿಡದು ಸುರದೈತಿ. ಊರಾಗ ಎಲ್ಲಾರೂ ಬಿತ್ತಾಕ ನಿಂತಾರ. ಕಳಕವ್ವ ಎರಡ ರೊಟ್ಟಿ ಉಂಡು ಬಾವಿಗೆ ಹೋದ್ಲು. ಅಲ್ಲಿ ಹೆಣ್ಮಕ್ಕಳಿಗೆಲ್ಲ ಎರಡನೇ ಹುಣ್ಣಿವಿ ಮಾತ ಹೇಳ್ಯಾಳ.

ಮಧ್ಯಾಹ್ನಕ್ಕ ಹನಮಪ್ಪ ಬಂದ. ಬೀಗರು ಎತ್ತ ವಾಪಸ್ ಕೊಡ್ತೀವಿ ಅಂದಾರಂತ. ತರಲೋ ಬ್ಯಾಡೋ, ಬಿತ್ತಲೋ ಬ್ಯಾಡೋ ಅಂತ ಕೇಳಿದ. ಒಳಗ ಕಳಕವ್ವ ರೊಟ್ಟಿ ಬಡಿಯಾಕತ್ತಿದ್ಲು. ಅದು ನಿನಗ ಬಿಟ್ಟಿದ್ದು ಅಂದೆ.

"ಅಂದಪ್ಪಣ್ಣ, ಹುಣ್ಣಿವಿ ಮಾತ ಖರೇನೋ ಸುಳ್ಳೋ, ಅಷ್ಟ ಹೇಳು."

ಒಳಗ ಬಡಿಯೂ ಸಪ್ಪಳ ನಿಂತಿತು.

"ಖರೇ" ಅಂದೆ.

ಸಪ್ಪಳ ಮತ್ತ ಸುರು ಆತು. ಹನಮಪ್ಪ ಎತ್ತ ತರಲಿಲ್ಲ.

ಜೂನ್ ೨೦, ಶನಿವಾರ

ಬರದಿಲ್ಲ ಭಾಳ ದಿನಾ. ಕೈ ಬಿಡುವಿಲ್ಲ. ಬಿಚ್ಚಿದ ಅಂಗಿ ಒಂದೊಂದ ತಿರುಗಿ ಬಂದಾವು — ಮತ್ತ ಹೊಲಿ, ಮತ್ತ ಗಂಟ ಹಾಕಬ್ಯಾಡ. ಎರಡನೇ ಹುಣ್ಣಿವಿ ನಂಬಿದವರು ನಲವತ್ತ ಮಂದಿ ಆಗ್ಯಾರ. ನಿನ್ನಿ ದುರಗಮ್ಮ ಮುದಕಿ ಬಂದು ಕಾಲ ಹಿಡದ್ಲು. ಬಿಡಬೇ, ಕಚಗುಳಿ ಆಗತೈತಿ ಅಂದೆ. ಅದಕ್ಕೂ ಏನೋ ಅರ್ಥ ಐತಂತ ಕೈ ಮುಗದ್ಲು. ನಾ ಏನ ಅಂದ್ರೂ ಈಗ ಯಾರೂ ನಗೂದಿಲ್ಲ.

ಮಕ್ಬುಲಸಾಬ ಒಬ್ಬನ ಸಿಟ್ಟಾದಾಂವ. ಊರ ಹೊಲಾ ಎಲ್ಲಾ ಹಸರಾಗಿ ನಿಂತಾವ, ನಿನ್ನ ನಂಬಿದವರವು ಕರ್ರಗ ಬಿದ್ದಾವ, ನಿಮ್ಮಪ್ಪನ ಹೊಲಾ ಏನೋ ಅವು ಅಂದ. ಸುಳ್ಳಂತ ಹೇಳಿಬಿಡು ಅಂದ. ಹೇಳಿದ್ರ ಆಕಿ ಗ್ವಾಡಿ ಕಡೆ ಹೊಳ್ಳತಾಳೋ ಸಾಬ ಅಂದೆ.

"ಇಪ್ಪತ್ತೆಂಟಕ್ಕ ಏನ ಮಾಡ್ತಿ?"

ನಾ ಸೂಜಿಗೆ ದಾರ ಏರಿಸಿದೆ. ಸಾಬ ಎದ್ದ ಹೋದ. ಅವತ್ತಿಂದ ಮಾತಿಲ್ಲ. ಗ್ವಾಡಿ ಆ ಕಡೆ ಹತ್ತಿ ಹಿಂಜೂ ಸಪ್ಪಳ ಅಷ್ಟ.

ಪಂಚಾಂಗ ತಿರುವಿ ತಿರುವಿ ನೋಡೀನಿ. ಎರಡ ಆಷಾಢ ಇಲ್ಲ. ಎರಡ ಶ್ರಾವಣ ಇಲ್ಲ. ಒಂದೊಂದ.

ಜೂನ್ ೨೬, ಶುಕ್ರವಾರ

ಹನಮಪ್ಪನ ಮನಿಗೆ ಹೋಗಿದ್ದೆ, ಒಬ್ಬನ ಇದ್ದಾಗ. ಹೇಳಿಬಿಟ್ಟೆ. ಸುಳ್ಳೋ ತಮ್ಮಾ ಅದು, ನನ್ನ ಹೇಣ್ತಿ ಉಣ್ಣಲಿ ಅಂತ ಹೇಳಿದ್ದು, ಇನ್ನೂ ಹದಾ ಐತಿ, ಬಿತ್ತು. ಕಣ್ಣೀರ ತಗದ. ಪರೀಕ್ಷಾ ಮಾಡಾಕ ಬಂದೀರಿ, ನಾ ಬಗ್ಗೂದಿಲ್ಲ ಅಂದ. ನೀ ಅಂತಿದ್ದಾಂವ ನೀವು ಅಂದ.

ಮನಿಗೆ ಬಂದ್ರ ಕಳಕವ್ವ ಪರಕಾರ ಹಿಡಕೊಂಡು ಕುಂತಾಳ. ಒಂದ ತಿಂಗಳಾತು, ಒಂದ ಬಟ್ಟು ಬೆಳದಿರ್ತಾಳ, ಅಂಚ ಬಿಡಬೇಕು, ನಾನ ಬಿಚ್ಚತೀನಿ ಅಂದ್ಲು. ಗಂಟ ಕಂಡೀತಂತ ಕಸಗೊಂಡೆ. ಸಿಂಪಿಗೇರನ ಮನಿಯಾಗ ಹೆಣ್ಮಕ್ಕಳು ಯಾಕ ಸೂಜಿ ಹಿಡೀತಾರ ಅಂದೆ.

ನಕ್ಕಳು.

ಮೂರ ವರ್ಷಕ್ಕ. ಇಷ್ಟ ಸಣ್ಣ ಮಾತಿಗೆ.

ಜೂನ್ ೨೮, ರವಿವಾರ. ಗುಡ್ಡದ ಮ್ಯಾಲ

ಡೈರಿ ಜೋಡೀಲೆ ತಂದೀನಿ. ಕೈಗೆ ಏನರ ಬೇಕು.

ಕೆಳಗ ಎತ್ತ ಓಡಸಾಕತ್ತಾರ. ಕೋಡಿಗೆ ಬಣ್ಣಾ, ಹಲಗಿ ಸಪ್ಪಳ ಇಲ್ಲೀತನಕ ಬರತೈತಿ. ಹನಮಪ್ಪ ಆ ಕಡೆ ಬೆನ್ನ ಮಾಡಿ ಕುಂತಾನ. ಹೊತ್ತ ಮುಣಗಾಕ ಇನ್ನ ಎರಡ ಮಾರ ಐತಿ. ಯಾರೂ ಹೊತ್ತ ನೋಡವಲ್ರು. ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ. ಕಳಕವ್ವ ಒಬ್ಬಾಕಿನ ದಾರಿ ನೋಡಾಕತ್ತಾಳ, ಸುಡಗಾಡ ದಾರಿ. ಎಣ್ಣಿ ಹಚ್ಚಿ ಹೆರಳ ಹಾಕ್ಕೊಂಡಾಳ. ಲಗ್ನದಾಗ ಹಿಂಗ ಇದ್ಲು.

ಜೂನ್ ೩೦, ಮಂಗಳವಾರ

ಏನೂ ಆಗಲಿಲ್ಲ ಅಂತ ಬರೀಬೇಕೇನು.

ಆಕಿ ಮಲಗಲಿಲ್ಲ ಈ ಸಲ. ನಿನ್ನಿ ಮುಂಜಾನೆ ಅಂಗಳದಾಗ ಕುಂತು ಪರಕಾರ ಒಳಗ ಹೊರಗ ಮಾಡಿದ್ಲು. ನಾ ಬಾಗಲದಾಗ ನಿಂತಿದ್ದೆ. ಓಡಿ ಹೋಗಿ ಕಸಗೋಬೇಕಿತ್ತು. ಹೊಲಿಗಿ ಮ್ಯಾಲ ಕೈಬಟ್ಟ ಆಡಿಸಿದ್ಲು, ಅಕ್ಕಿಯಾಗಿನ ಹಳ್ಳು ಹುಡುಕಿದಂಗ. ನಿಂತಳು. ಮತ್ತ ಮುಂದ. ಮತ್ತ ಗಂಟ ಸಿಕ್ಕ ನಿಂತಳು.

ಬೈಲಿಲ್ಲ. ತಲಿ ಎತ್ತಿ ನೋಡಿದ್ಲು.

"ಕೂಸು ಬಾಗಲದ ತನಕ ಬಂದಿತ್ತೇನೋ. ಎರಡೂ ಸಲ. ನೀವ ತಡದ್ರಿ."

ಅಧಿಕ ಮಾಸ ಸುಳ್ಳು, ಅಜ್ಜ ಸುಳ್ಳು, ಎಲ್ಲಾ ಹೇಳಿದೆ. ಬಾಯಿಗೆ ಬಂದಿದ್ದೆಲ್ಲ ಖರೇ ಹೇಳಿದೆ. ಆಕಿ ಗಂಟ ಬಿಚ್ಚಾಕತ್ತಿದ್ಲು. ಉಗುರಿಗೆ ಬರಲಿಲ್ಲ ಅಂತ ಹಲ್ಲಿಲೆ. ಗಟ್ಟಿ ಹಾಕಿದ್ದೆ.

ಇವತ್ತ ಮುಂಜಾನೆ ಎಲ್ಲಾ ಬಿಚ್ಚಿ ಮುಗಿಸ್ಯಾಳ. ಪರಕಾರ ಪರಕಾರ ಉಳದಿಲ್ಲ. ಹಸರ ತುಂಡ ಬ್ಯಾರೆ, ಕೆಂಪ ಅಂಚ ಬ್ಯಾರೆ. ಮಡಚಿ ಮಿಶೀನಿನ ಮ್ಯಾಲ ಇಟ್ಟಾಳ. ಹೊಸದಾಗಿ ಹೊಲೀಬೇಕಂತ, ಗಂಟಿಲ್ಲದ.

ಮಂದಿಗೂ ಗಂಟಿನ ಸುದ್ದಿ ಮುಟ್ಟೇತಿ. ದಿನಾ ತಪ್ಪಿಲ್ಲ, ಗಂಟ ತಪ್ಪಿಸೈತಿ ಅಂತ. ಯಾರಿಗೂ ಸಿಟ್ಟಿಲ್ಲ ನನ್ನ ಮ್ಯಾಲ. ಒಬ್ಬರರ ಬಂದು ಕೆನ್ನಿಗೆ ಹೊಡದಿದ್ರ ಛಲೋ ಇತ್ತು. ಅಂಗಡಿ ಕಟ್ಟಿ ಮ್ಯಾಲ ದುರಗಮ್ಮ ದೀಪಾ ಹಚ್ಚಿಟ್ಟಾಳ. ಹನಮಪ್ಪ ಮುಂಜಾನೆಯಿಂದ ಕುಂತಾನ, ಒಂದ ತೋಳಿನ ಅಂಗಿ ಹಾಕ್ಕೊಂಡು.

ಆಕಿ ಉಣ್ಣದ ಇವತ್ತ ಮೂರನೇ ದಿನಾ. ನಾನ ರೊಟ್ಟಿ ಮಾಡೀನಿ, ನೂರಜಾನಬಿ ಬಾಗಲದಾಗ ನಿಂತು ಹೇಳಿಕೊಟ್ಲು. ಮುಂದ ಇಟ್ಟೀನಿ. ಮುಟ್ಟವಲ್ಲಳು.

"ಮೊದಲ ಪಂಪಿ ಬರೂ ದಿನಾ ಹೇಳ್ರಿ. ಆಮ್ಯಾಲ ಉಣ್ತೀನಿ."

ಪಂಚಾಂಗ ತಗದ ಕುಂತೀನಿ. ಆಷಾಢ ಅಂದ್ರ ಒಂದ ತಿಂಗಳ ಉಣ್ತಾಳ. ಶ್ರಾವಣ ಅಂದ್ರ ಎರಡು. ಅದರ ಮುಂದಕ್ಕ ಹೋದ್ರ ಹನಮಪ್ಪ ಹಿಂಗಾರಿನೂ ಬಿತ್ತೂದಿಲ್ಲ. ಭಾಳ ದೂರ ಅಂದ್ರ ಆಕಿ ಕಾಯೂದಿಲ್ಲ. ಹತ್ತರ ಅಂದ್ರ ಮತ್ತ ಇದ ಅಂಗಳ, ಇದ ರೊಟ್ಟಿ.

ಆರಾಕತ್ತೈತಿ ರೊಟ್ಟಿ. ನನ್ನ ಬಾಯಿನ ನೋಡಾಕತ್ತಾಳ.

ಹೇಳತೀನಿ. ಶ್ರಾವಣ ಹುಣ್ಣಿವಿ.